ಅಮೆರಿಕದ ನೀತಿ ಅನಿಶ್ಚಿತತೆಯ ನಡುವೆ ಹೂಡಿಕೆಯ ನಿರ್ಧಾರ ಕೈಗೊಳ್ಳುವುದು ಹೇಗೆ?

ಅಮೆರಿಕದಲ್ಲಿ ಉದ್ಯೋಗ, ಉಳಿತಾಯ ಅಥವಾ ಷೇರುಗಳನ್ನು ಹೊಂದಿರುವ ಕನ್ನಡಿಗರಲ್ಲಿ ಬಹುತೇಕರನ್ನು ಕಾಡುತ್ತಿರುವ ಪ್ರಶ್ನೆ ಒಂದೇ: ಅಲ್ಲಿನ ಸರ್ಕಾರ ಮುಂದೆ ಏನು ಮಾಡಲಿದೆ? ಅನುಭವಿ ಅರ್ಥಶಾಸ್ತ್ರಜ್ಞರಿಗೂ ಇದಕ್ಕೆ ಖಚಿತವಾದ ಉತ್ತರ ಸಿಗುತ್ತಿಲ್ಲ. ಆದ್ದರಿಂದ ಸಾಮಾನ್ಯ ಹೂಡಿಕೆದಾರರು ಆ ಊಹೆಯನ್ನು ಬದಿಗಿಟ್ಟು, ಈಗಾಗಲೇ ಜಾರಿಗೆ ಬಂದಿರುವುದು ಏನು ಮತ್ತು ತಮ್ಮ ಹಣ ತಮಗೆ ಯಾವಾಗ ಬೇಕಾಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಸ್ಪಷ್ಟವಾಗಿ ಉತ್ತರ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ಹೆಜ್ಜೆಗಳೆಲ್ಲ ಈ ಎರಡು ಉತ್ತರಗಳ ಮೇಲೆ ನಿಂತಿವೆ.

ಊಹೆಯ ಆಧಾರದ ಮೇಲೆ ಹಣ ಹೂಡುವುದು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ 2025ರ ಏಪ್ರಿಲ್ ತಿಂಗಳ ಒಂದು ವಾರವೇ ಸಾಕ್ಷಿ. ಏಪ್ರಿಲ್ 2ರಂದು ಅಧ್ಯಕ್ಷ ಟ್ರಂಪ್ ಬಹುತೇಕ ಎಲ್ಲ ದೇಶಗಳ ಸರಕಿನ ಮೇಲೆ ಆಮದು ಸುಂಕ ಘೋಷಿಸಿದರು. ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಷೇರುಗಳನ್ನು ಅಳೆಯುವ ಎಸ್ ಅಂಡ್ ಪಿ 500 ಸೂಚ್ಯಂಕ ಮರುದಿನ ಶೇ 4.8ರಷ್ಟೂ ಅದರ ಮರುದಿನ ಶೇ 6ರಷ್ಟೂ ಕುಸಿಯಿತು. ಏಪ್ರಿಲ್ 9ರಂದು ದೇಶವಾರು ಹೆಚ್ಚುವರಿ ಸುಂಕಕ್ಕೆ 90 ದಿನಗಳ ತಡೆ ಬಿದ್ದಾಗ ಅದೇ ಸೂಚ್ಯಂಕ ಒಂದೇ ದಿನ ಶೇ 9.5ರಷ್ಟು ಏರಿತು, ಜೂನ್ ಅಂತ್ಯದ ವೇಳೆಗೆ ಹೊಸ ಎತ್ತರವನ್ನು ಮುಟ್ಟಿತು. ಏಪ್ರಿಲ್ 4ರ ಸಂಜೆ ಭಯದಿಂದ ಎಲ್ಲವನ್ನೂ ಮಾರಿದವರಿಗೆ ನಷ್ಟ ಪೂರ್ತಿ ಉಳಿಯಿತು, ಚೇತರಿಕೆ ಮಾತ್ರ ಕೈತಪ್ಪಿತು.

ಘೋಷಣೆ ಬೇರೆ, ಜಾರಿ ಬೇರೆ

ಮೊದಲ ಅಭ್ಯಾಸವೆಂದರೆ ಪ್ರತಿಯೊಂದು ನೀತಿಯೂ ಯಾವ ಹಂತದಲ್ಲಿದೆ ಎಂಬುದನ್ನು ಗುರುತಿಸುವುದು. ಪತ್ರಿಕಾಗೋಷ್ಠಿಯಲ್ಲಿ ಹೇಳಿದ ಮಾತು, ಸಹಿ ಬಿದ್ದ ಆದೇಶ, ಜಾರಿಯ ದಿನಾಂಕ, ನ್ಯಾಯಾಲಯದ ಪರಿಶೀಲನೆ, ಕೊನೆಗೆ ಅಂಗಡಿಯ ಬೆಲೆಯಲ್ಲಿ ಕಾಣುವ ಪರಿಣಾಮ, ಇವು ಒಂದೇ ಅಲ್ಲ. ಭಾರತದ ಸರಕಿನ ಮೇಲೆ 2025ರ ಏಪ್ರಿಲ್‌ನಲ್ಲಿ ಶೇ 26ರ ಸುಂಕ ಘೋಷಣೆಯಾಯಿತು, ಆದರೆ ಆ ದರ ಏಪ್ರಿಲ್ 9ರಂದು ಜಾರಿಯಾದ ಕೆಲವೇ ಗಂಟೆಗಳಲ್ಲಿ ತಡೆಯಾಯಿತು. ಆಗಸ್ಟ್ 7ರಂದು ಶೇ 25ರ ಸುಂಕ ಜಾರಿಗೆ ಬಂದಿತು, ಆಗಸ್ಟ್ 27ರಂದು ಇನ್ನೂ ಶೇ 25 ಸೇರಿ ಒಟ್ಟು ಶೇ 50 ಆಯಿತು. ಅಮೆರಿಕಕ್ಕೆ ಸಿದ್ಧ ಉಡುಪು ಕಳುಹಿಸುವ ಬೆಂಗಳೂರಿನ ಕಾರ್ಖಾನೆಗಳಿಗೆ ಈ ದಿನಾಂಕಗಳ ವ್ಯತ್ಯಾಸವೇ ಲಾಭ ನಷ್ಟದ ಲೆಕ್ಕವಾಗಿತ್ತು.

ನುರಿತ ವಿದೇಶಿ ನೌಕರರಿಗೆ ಕೊಡುವ ಎಚ್-1ಬಿ ವೀಸಾಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸುವ ಆದೇಶ 2025ರ ಸೆಪ್ಟೆಂಬರ್ 19ರಂದು ಹೊರಬಿದ್ದಾಗಲೂ ಇದೇ ಆಯಿತು. ರಜೆಗೆಂದು ಊರಿಗೆ ಬಂದಿದ್ದ ಅನೇಕರು ಗಾಬರಿಯಿಂದ ದುಬಾರಿ ಟಿಕೆಟ್ ಕೊಂಡು ಮರಳಿ ಹೊರಟರು. ಆ ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ ಅನ್ವಯ, ಈಗಾಗಲೇ ವೀಸಾ ಹೊಂದಿರುವವರಿಗೂ ನವೀಕರಣಕ್ಕೂ ಅಲ್ಲ ಎಂಬ ಸ್ಪಷ್ಟನೆ ಮರುದಿನ ಬಂದಿತು. ಆದೇಶದ ಮೂಲಪಠ್ಯ ಶ್ವೇತಭವನದ ಜಾಲತಾಣದಲ್ಲಿಯೂ ಅಮೆರಿಕ ಸರ್ಕಾರದ ಅಧಿಕೃತ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲಿಯೂ ಉಚಿತವಾಗಿ ಸಿಗುತ್ತದೆ. ವಾಟ್ಸ್‌ಆ್ಯಪ್ ಗುಂಪಿನ ಸಂದೇಶವನ್ನು ನಂಬಿ ಹಣ ಕದಲಿಸುವ ಮೊದಲು ಆ ಮೂಲಪಠ್ಯದಲ್ಲಿ ಜಾರಿಯ ದಿನಾಂಕ ಮತ್ತು ಯಾರಿಗೆ ಅನ್ವಯ ಎಂಬ ಎರಡು ಸಾಲುಗಳನ್ನಾದರೂ ಓದಲೇಬೇಕು.

ಅಂಕಿಅಂಶಗಳನ್ನು ಓದುವಾಗ

ಅಮೆರಿಕದ ಅಂಕಿಅಂಶಗಳು ಪ್ರಪಂಚದಲ್ಲೇ ಅತ್ಯಂತ ವಿವರವಾದವುಗಳಲ್ಲಿ ಸೇರಿವೆ. ಆದರೂ ಮೊದಲು ಪ್ರಕಟವಾಗುವ ಸಂಖ್ಯೆ ಕರಡು ಮಾತ್ರ ಎಂಬುದನ್ನು ಮರೆಯಬಾರದು. 2025ರ ಮೊದಲ ತ್ರೈಮಾಸಿಕದಲ್ಲಿ ಜಿಡಿಪಿ ವಾರ್ಷಿಕ ಲೆಕ್ಕದಲ್ಲಿ ಶೇ 0.3ರಷ್ಟು ಕುಗ್ಗಿದೆ ಎಂಬ ಮೊದಲ ಅಂದಾಜು ಬಂದಾಗ ಆರ್ಥಿಕ ಹಿಂಜರಿತ ಆರಂಭವಾಯಿತೆಂದು ಹಲವರು ತೀರ್ಮಾನಿಸಿದರು. ವಾಸ್ತವದಲ್ಲಿ ನಡೆದದ್ದು ಬೇರೆ. ಸುಂಕ ಬರುವ ಮುನ್ನವೇ ಕಂಪನಿಗಳು ಸರಕು ತರಿಸಿ ಗೋದಾಮು ತುಂಬಿಸಿಕೊಂಡಿದ್ದವು. ಜಿಡಿಪಿ ಲೆಕ್ಕದಲ್ಲಿ ಆಮದನ್ನು ಕಳೆಯುವುದರಿಂದ, ಹಾಗೂ ತರಿಸಿದ ದಾಸ್ತಾನು ಲೆಕ್ಕಕ್ಕೆ ಪೂರ್ತಿ ಸಿಗದಿದ್ದುದರಿಂದ ಸಂಖ್ಯೆ ಕೆಳಗಿಳಿಯಿತು. ಮುಂದಿನ ತ್ರೈಮಾಸಿಕದಲ್ಲಿ ಆಮದು ಕುಸಿದಾಗ ಬೆಳವಣಿಗೆ ಮೊದಲ ಅಂದಾಜಿನಲ್ಲಿ ಶೇ 3 ಎಂದೂ, ಪರಿಷ್ಕರಣೆಯ ನಂತರ ಶೇ 3.8 ಎಂದೂ ಬಂದಿತು. ಮೊದಲ ಸಂಖ್ಯೆ ತೋರಿಸಿದಷ್ಟು ಕೆಟ್ಟದಾಗಿಯೂ ಎರಡನೆಯದು ತೋರಿಸಿದಷ್ಟು ಒಳ್ಳೆಯದಾಗಿಯೂ ಪರಿಸ್ಥಿತಿ ಇರಲಿಲ್ಲ. ಇಂಥ ಏರಿಳಿತದ ಸಮಯದಲ್ಲಿ ವರದಿಯ ಒಳಪುಟದಲ್ಲಿರುವ, ದೇಶದೊಳಗಿನ ಖಾಸಗಿ ಬಳಕೆ ಮತ್ತು ಹೂಡಿಕೆಯನ್ನಷ್ಟೇ ಅಳೆಯುವ ಸಾಲನ್ನು ನೋಡುವುದು ಉಪಯುಕ್ತ. ಅದರಲ್ಲಿ ಆಮದು, ರಫ್ತು, ದಾಸ್ತಾನುಗಳ ಗೊಂದಲ ಇರುವುದಿಲ್ಲ.

ಉದ್ಯೋಗ ವರದಿಗೂ ಇದೇ ಎಚ್ಚರ ಬೇಕು. ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ ಬರುವ ಈ ವರದಿಯಲ್ಲಿ ಹಿಂದಿನ ಎರಡು ತಿಂಗಳ ಪರಿಷ್ಕರಣೆಯೂ ಇರುತ್ತದೆ. 2025ರ ಆಗಸ್ಟ್ 1ರ ವರದಿ ಮೇ ಮತ್ತು ಜೂನ್ ತಿಂಗಳ ಉದ್ಯೋಗ ಹೆಚ್ಚಳದಿಂದ ಒಟ್ಟು 2,58,000ವನ್ನು ಕಡಿತಗೊಳಿಸಿತು. ಅದೇ ದಿನ ಅಧ್ಯಕ್ಷರು ಅಂಕಿಅಂಶ ಸಂಸ್ಥೆಯ ಮುಖ್ಯಸ್ಥರನ್ನು ವಜಾ ಮಾಡಿದರು. ಅದರ ಬೆನ್ನಿಗೇ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43 ದಿನ ಸರ್ಕಾರಿ ಕಚೇರಿಗಳು ಸ್ಥಗಿತಗೊಂಡು, ಅಕ್ಟೋಬರ್ ತಿಂಗಳ ನಿರುದ್ಯೋಗ ದರವೇ ಪ್ರಕಟವಾಗಲಿಲ್ಲ. ಅಂಕಿಅಂಶ ಸಂಗ್ರಹಿಸುವ ಸಂಸ್ಥೆಗಳ ಸ್ವಾತಂತ್ರ್ಯ ಹೂಡಿಕೆದಾರನ ಹಿತಕ್ಕೂ ಅಗತ್ಯ ಎಂದು ನಾನು ದೃಢವಾಗಿ ನಂಬುತ್ತೇನೆ, ಏಕೆಂದರೆ ಬೇರೆಲ್ಲ ತೀರ್ಮಾನಗಳೂ ಆ ಸಂಖ್ಯೆಗಳ ಮೇಲೆಯೇ ನಿಂತಿರುತ್ತವೆ. ಒಂದು ತಿಂಗಳ ಸಂಖ್ಯೆಗೆ ಮಹತ್ವ ಕೊಡದೆ ಮೂರು ತಿಂಗಳ ಸರಾಸರಿಯನ್ನು ನೋಡಿ, ಅದನ್ನು ಪ್ರತಿ ವಾರ ಬರುವ ನಿರುದ್ಯೋಗ ಭತ್ಯೆ ಅರ್ಜಿಗಳ ಸಂಖ್ಯೆಯೊಂದಿಗೆ ಹೋಲಿಸುವುದು ಸುರಕ್ಷಿತ ಮಾರ್ಗ.

ಬಡ್ಡಿದರದ ಎರಡು ಮುಖಗಳು

ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ (ಫೆಡ್) ಬಡ್ಡಿ ಇಳಿಸಿದರೆ ಗೃಹಸಾಲವೂ ಅಗ್ಗವಾಗುತ್ತದೆ ಎಂದು ಕಾದು ಕುಳಿತವರಿಗೆ 2024ರಲ್ಲಿ ನಿರಾಶೆಯಾಯಿತು. ಆ ವರ್ಷದ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಫೆಡ್ ತನ್ನ ದರವನ್ನು ಪೂರ್ತಿ ಒಂದು ಶೇಕಡಾ ಅಂಶದಷ್ಟು ಇಳಿಸಿತು. ಅದೇ ಅವಧಿಯಲ್ಲಿ 10 ವರ್ಷದ ಸರ್ಕಾರಿ ಬಾಂಡ್ ಮೇಲಿನ ಗಳಿಕೆ ದರ ಸುಮಾರು ಶೇ 3.6ರಿಂದ ಶೇ 4.5ಕ್ಕೂ ಮೇಲೆ ಹೋಯಿತು, 30 ವರ್ಷದ ಗೃಹಸಾಲದ ಬಡ್ಡಿಯೂ ಅದರ ಜೊತೆ ಏರಿತು. ಫೆಡ್ ಕೈಯಲ್ಲಿರುವುದು ಅಲ್ಪಾವಧಿಯ ದರ ಮಾತ್ರ. ದೀರ್ಘಾವಧಿಯ ದರವನ್ನು ಹಣದುಬ್ಬರದ ನಿರೀಕ್ಷೆ, ಸರ್ಕಾರದ ಸಾಲ ಮತ್ತು ಆ ಸಾಲದ ಮೇಲಿನ ನಂಬಿಕೆ ನಿರ್ಧರಿಸುತ್ತವೆ. ಸಾಲಯೋಗ್ಯತೆಗೆ ಶ್ರೇಣಿ ನೀಡುವ ಮೂಡೀಸ್ ಸಂಸ್ಥೆ 2025ರ ಮೇ 16ರಂದು ಅಮೆರಿಕದ ಸಾಲಯೋಗ್ಯತೆಯನ್ನು ಅತ್ಯುನ್ನತ ಶ್ರೇಣಿಯಿಂದ ಒಂದು ಮೆಟ್ಟಿಲು ಇಳಿಸಿದ್ದೂ ಈ ಸಾಲದ ಕಾರಣಕ್ಕಾಗಿಯೇ. ಹೀಗಾಗಿ ಬಡ್ಡಿ ಇಳಿಯುತ್ತದೆ ಎಂಬ ಒಂದೇ ನಿರೀಕ್ಷೆಯಿಂದ ದೀರ್ಘಾವಧಿಯ ಬಾಂಡ್ ಕೊಳ್ಳುವುದಾಗಲಿ, ಮುಂದೆ ಸಾಲ ಬದಲಿಸಿಕೊಳ್ಳಬಹುದೆಂದು ಕೈಮೀರಿದ ಬೆಲೆಗೆ ಮನೆ ಕೊಳ್ಳುವುದಾಗಲಿ ಸರಿಯಲ್ಲ.

ಹಣವನ್ನು ಅಗತ್ಯದ ಕಾಲಕ್ಕೆ ತಕ್ಕಂತೆ ವಿಂಗಡಿಸುವುದು

ಎಚ್-1ಬಿ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಹೊಸ ಉದ್ಯೋಗ ಹುಡುಕಿಕೊಳ್ಳಲು ಗರಿಷ್ಠ 60 ದಿನ ಕಾಲಾವಕಾಶವಿರುತ್ತದೆ. ಆ ಅವಧಿಯಲ್ಲಿ ಬಾಡಿಗೆ, ಆರೋಗ್ಯ ವಿಮೆ, ವಕೀಲರ ಶುಲ್ಕ, ಕುಟುಂಬ ಸಮೇತ ಊರಿಗೆ ಮರಳುವ ಖರ್ಚು ಎಲ್ಲವೂ ಒಟ್ಟಿಗೆ ಎದುರಾಗಬಹುದು. ಸಾಮಾನ್ಯವಾಗಿ ಹೇಳುವ ಮೂರು ತಿಂಗಳ ತುರ್ತು ನಿಧಿ ಇಂಥವರಿಗೆ ಸಾಲದು. ಕನಿಷ್ಠ ಆರು ತಿಂಗಳ, ಸಾಧ್ಯವಾದರೆ ಒಂದು ವರ್ಷದ ಖರ್ಚನ್ನು ಷೇರುಪೇಟೆಯಿಂದ ಹೊರಗಿಡಬೇಕು ಎಂಬುದು ನನ್ನ ಅಭಿಪ್ರಾಯ. ಎಫ್‌ಡಿಐಸಿ (ಅಮೆರಿಕದ ಸರ್ಕಾರಿ ಠೇವಣಿ ವಿಮಾ ಸಂಸ್ಥೆ) ವಿಮೆಯಿರುವ ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರ 2,50,000 ಡಾಲರ್‌ವರೆಗಿನ ಮೊತ್ತಕ್ಕೆ ರಕ್ಷಣೆಯಿದೆ. ಸರ್ಕಾರದ ಅಲ್ಪಾವಧಿ ಸಾಲಪತ್ರಗಳಾದ 4ರಿಂದ 52 ವಾರಗಳ ಟ್ರೆಷರಿ ಬಿಲ್‌ಗಳ ಬಡ್ಡಿಗೆ ರಾಜ್ಯದ ಆದಾಯ ತೆರಿಗೆ ಇಲ್ಲದಿರುವುದರಿಂದ ಕ್ಯಾಲಿಫೋರ್ನಿಯಾದಂತಹ ಹೆಚ್ಚು ತೆರಿಗೆಯ ರಾಜ್ಯಗಳಲ್ಲಿರುವವರಿಗೆ ಅವು ವಿಶೇಷವಾಗಿ ಅನುಕೂಲ.

ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬೇಡವಾದ ಹಣಕ್ಕೆ, ಅಂದರೆ 401(ಕೆ) ನಿವೃತ್ತಿ ಖಾತೆಯಂಥವಕ್ಕೆ, ಪ್ರತಿ ಸಂಬಳದಿಂದ ಸಮನಾಗಿ ಕಡಿತವಾಗುವ ಕ್ರಮವನ್ನು ಸುದ್ದಿ ನೋಡಿ ನಿಲ್ಲಿಸಬಾರದು. ಒಂದು ವಿಷಯ ಗಮನದಲ್ಲಿರಲಿ: ಎಸ್ ಅಂಡ್ ಪಿ 500ರ ಒಟ್ಟು ಮೌಲ್ಯದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಹತ್ತು ದೊಡ್ಡ ಕಂಪನಿಗಳದ್ದೇ ಆಗಿದ್ದು, ಅವುಗಳಲ್ಲಿ ಹೆಚ್ಚಿನವು ತಂತ್ರಜ್ಞಾನ ಕಂಪನಿಗಳು. ತಂತ್ರಜ್ಞಾನ ಕ್ಷೇತ್ರದಲ್ಲಿ ದುಡಿಯುವವರ ಸಂಬಳ, ವೀಸಾ, ಆರ್‌ಎಸ್‌ಯು (ಕಂಪನಿ ಸಂಬಳದ ಭಾಗವಾಗಿ ನೌಕರರಿಗೆ ಕೊಡುವ) ಷೇರು, ಸೂಚ್ಯಂಕವನ್ನು ಅನುಸರಿಸುವ ಇಂಡೆಕ್ಸ್ ಫಂಡ್ ನಾಲ್ಕೂ ಒಂದೇ ಕ್ಷೇತ್ರವನ್ನು ಅವಲಂಬಿಸಿದಂತಾಗುತ್ತದೆ. ಆರ್‌ಎಸ್‌ಯು ಕೈಸೇರಿದ ದಿನ ಅದರ ಮೌಲ್ಯಕ್ಕೆ ಸಂಬಳದಂತೆಯೇ ತೆರಿಗೆ ಬಿದ್ದಿರುತ್ತದೆ; ಆ ದಿನವೇ ಮಾರಿದರೆ ಹೆಚ್ಚುವರಿ ಲಾಭದ ತೆರಿಗೆ ಬಹುಮಟ್ಟಿಗೆ ಇರುವುದಿಲ್ಲ. ಅಷ್ಟೇ ನಗದು ಬೋನಸ್ ಆಗಿ ಬಂದಿದ್ದರೆ ಅದರಿಂದ ಇದೇ ಕಂಪನಿಯ ಷೇರು ಕೊಳ್ಳುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಇಲ್ಲವೆಂದಾದರೆ ಮಾರಿ, ಅಮೆರಿಕದ ಹೊರಗಿನ ದೇಶಗಳ ಷೇರು ಒಳಗೊಂಡ ಫಂಡ್‌ಗೆ ಒಂದು ಪಾಲನ್ನು ವರ್ಗಾಯಿಸುವುದು ಯುಕ್ತ. ಆದರೆ ಅಮೆರಿಕದ ತೆರಿಗೆ ನಿವಾಸಿಗಳು ಇದಕ್ಕಾಗಿ ಭಾರತದ ಮ್ಯೂಚುವಲ್ ಫಂಡ್ ಕೊಳ್ಳಬಾರದು. ಅವು ಪಿಎಫ್‌ಐಸಿ (ವಿದೇಶಿ ಹೂಡಿಕೆ ನಿಧಿಗಳ ಮೇಲಿನ ಅಮೆರಿಕದ ತೆರಿಗೆ) ನಿಯಮಕ್ಕೆ ಒಳಪಟ್ಟು ಫಾರ್ಮ್ 8621ರ ಹೊರೆಯನ್ನೂ ಭಾರಿ ತೆರಿಗೆಯನ್ನೂ ತರಬಲ್ಲವು.

ಬೆಂಗಳೂರಿನಲ್ಲಿದ್ದೇ ಅಮೆರಿಕದ ಷೇರು ಹೊಂದಿರುವವರ ಲೆಕ್ಕ ಸ್ವಲ್ಪ ಬೇರೆ. ಆರ್‌ಬಿಐನ ಉದಾರೀಕೃತ ಹಣ ರವಾನೆ ಯೋಜನೆಯಡಿ ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳುಹಿಸಬಹುದಾದರೂ, 2025ರ ಏಪ್ರಿಲ್ 1ರಿಂದ ಹೂಡಿಕೆಗಾಗಿ ಕಳುಹಿಸುವ ಮೊತ್ತ 10 ಲಕ್ಷ ರೂಪಾಯಿ ದಾಟಿದರೆ ಹೆಚ್ಚುವರಿ ಭಾಗದ ಮೇಲೆ ಶೇ 20ರ ಟಿಸಿಎಸ್ (ಹಣ ಕಳುಹಿಸುವಾಗಲೇ ಪಡೆಯುವ ಮುಂಗಡ ತೆರಿಗೆ) ಸಂಗ್ರಹವಾಗುತ್ತದೆ. ಅದನ್ನು ಆದಾಯ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಹಣ ಸಿಲುಕಿರುತ್ತದೆ. ರೂಪಾಯಿ ಮೌಲ್ಯ 2025ರ ಡಿಸೆಂಬರ್‌ನಲ್ಲಿ ಡಾಲರ್‌ಗೆ 90ನ್ನು ದಾಟಿದ್ದರಿಂದ ಷೇರು ಏರದಿದ್ದರೂ ರೂಪಾಯಿ ಲೆಕ್ಕದಲ್ಲಿ ಲಾಭ ಕಂಡವರಿದ್ದಾರೆ. ವಿನಿಮಯ ದರದ ಲಾಭವನ್ನು ಕಂಪನಿಯ ಸಾಧನೆ ಎಂದು ತಿಳಿಯದೆ ಎರಡನ್ನೂ ಬೇರೆ ಬೇರೆಯಾಗಿ ಬರೆದಿಡಬೇಕು. ಬಹಳ ಮಂದಿಗೆ ತಿಳಿಯದ ಇನ್ನೊಂದು ಅಂಶವಿದೆ. ಅಮೆರಿಕದ ಪ್ರಜೆಯೂ ನಿವಾಸಿಯೂ ಅಲ್ಲದವರು ತೀರಿಕೊಂಡಾಗ ಅವರ ಅಮೆರಿಕದ ಷೇರುಗಳ ಮೌಲ್ಯ 60,000 ಡಾಲರ್ ಮೀರಿದ್ದರೆ, ಶೇ 40ರವರೆಗೆ ಏರಬಹುದಾದ ಎಸ್ಟೇಟ್ ತೆರಿಗೆ (ಮೃತರ ಆಸ್ತಿಯ ಮೇಲಿನ ತೆರಿಗೆ) ಅನ್ವಯಿಸುತ್ತದೆ, ಮತ್ತು ಇದರಿಂದ ವಿನಾಯಿತಿ ಕೊಡುವ ಒಪ್ಪಂದ ಭಾರತ ಹಾಗೂ ಅಮೆರಿಕದ ನಡುವೆ ಇಲ್ಲ. ಆರ್‌ಎಸ್‌ಯು ವರ್ಷದಿಂದ ವರ್ಷಕ್ಕೆ ಜಮೆಯಾಗುತ್ತಿದ್ದರೆ ಈ ಮಿತಿ ತಿಳಿಯದೆಯೇ ದಾಟಿಹೋಗುತ್ತದೆ. ಆದ್ದರಿಂದ ಖಾತೆಯ ವಿವರ, ಲಾಗಿನ್ ಮಾಹಿತಿ ಮತ್ತು ನಾಮನಿರ್ದೇಶನ ಪತ್ರಗಳು ಮನೆಯವರ ಕೈಗೆ ಸಿಗುವಂತಿರಲಿ, ಮಿತಿಯ ಸಮೀಪ ಬಂದಾಗ ಎರಡೂ ದೇಶಗಳ ತೆರಿಗೆ ಬಲ್ಲ ಲೆಕ್ಕಪರಿಶೋಧಕರನ್ನು ಕಂಡು ಮಾತನಾಡಿ.