ಸಾವಿರ ಜನರ ಗುಂಪನ್ನು ಏಳೇಳು ಜನರ ಕೊಠಡಿಗಳಾಗಿ ಒಡೆದೆ: ನನ್ನ ಅನುಭವ

ಏಳು ಜನರನ್ನು ಕೂಡಿಸಿದರೆ ಅದು ಗುಂಪಾಗುವುದಿಲ್ಲ, ಎರಡೇ ವಾರಕ್ಕೆ ಮಾತು ಬತ್ತಿಹೋಗುತ್ತದೆ ಎಂದು ವಾಟ್ಸ್‌ಆ್ಯಪ್ ಗುಂಪು ನಡೆಸುವ ಕೆಲಸದಲ್ಲಿ ನನಗಿಂತ ಹಳಬರಾದ ಅಡ್ಮಿನ್‌ಗಳು ಹೇಳಿದ್ದರು. ಒಬ್ಬರಂತೂ, ಕಟ್ಟಿದ್ದನ್ನು ಕೈಯಾರೆ ಕೆಡವುತ್ತಿದ್ದೀರಿ ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಮೂರು ವರ್ಷ ಆಗುತ್ತಾ ಬಂತು. ಈಗ ನಮ್ಮಲ್ಲಿ ಆರೇಳು ಜನರ ಪುಟ್ಟ ಗುಂಪುಗಳು 40ರ ಆಸುಪಾಸು ಇವೆ, ಅವನ್ನೇ ಕೊಠಡಿ ಎನ್ನುತ್ತೇನೆ; ಒಟ್ಟು 260-270 ಜನ. ತಾವಾಗಿ ಬಿಟ್ಟುಹೋದವರನ್ನು ಬೆರಳ ಮೇಲೆ ಎಣಿಸಬಹುದು. ಮೂಗು ಮುರಿದ ಹಳಬರಲ್ಲಿ ಇಬ್ಬರು ನನ್ನ ಟಿಪ್ಪಣಿಗಳನ್ನು ಕೇಳಿ ಪಡೆದಿದ್ದಾರೆ. ಅವರಿಗೆ ಕೊಟ್ಟದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಗುಂಪು ನಡೆಸುವ ಪ್ರಾಥಮಿಕ ಪಾಠ ಇಲ್ಲಿಲ್ಲ. ಓದುವವರಿಗೆ ಅದು ಗೊತ್ತಿದೆ ಎಂದುಕೊಂಡಿದ್ದೇನೆ.

ನಮ್ಮದು ಹಾಸಿಗೆ ಹಿಡಿದ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುವವರ ಗುಂಪು. ಪಾರ್ಶ್ವವಾಯು, ಮರೆಗುಳಿತನ, ಸೊಂಟದ ಮೂಳೆ ಮುರಿತ, ಕಾರಣ ಏನಾದರೂ ಆಗಿರಬಹುದು. ಶುರುವಾದಾಗ ವಾಟ್ಸ್‌ಆ್ಯಪ್ ಗುಂಪಿನ ಮಿತಿ 256. ಅದು ತುಂಬಿ ವರ್ಷಗಳೇ ಆಗಿದ್ದವು. 2022ರಲ್ಲಿ ಮಿತಿ 512ಕ್ಕೆ ಏರಿತು, ನಾವು ತುಂಬಿಸಿದೆವು. ಅದೇ ವರ್ಷದ ಕೊನೆಗೆ 1024 ಆಯಿತು, ಅದನ್ನೂ ಬಹುಮಟ್ಟಿಗೆ ತುಂಬಿಸಿದೆವು. ತಲೆ ಎಣಿಕೆ ಏರಿದಷ್ಟೂ ಒಳಗಿನ ಮಾತು ತೆಳುವಾಗುತ್ತಾ ಹೋಯಿತು. ಬೆಳಗಾದರೆ ಶುಭಾಶಯದ ಚಿತ್ರಗಳು, ಮಧ್ಯಾಹ್ನ ಎಲ್ಲಿಂದಲೋ ಬಂದ ಔಷಧಿಯ ಸಂದೇಶ, ಸಂಜೆ ಅದು ಸುಳ್ಳೆಂದು ಜಗಳ. ನಡುವೆ ಯಾರೋ "ಬೆನ್ನಿನ ಕೆಳಗೆ ಚರ್ಮ ಕೆಂಪಾಗಿದೆ, ಒತ್ತಿದರೂ ಬಿಳಿಯಾಗುತ್ತಿಲ್ಲ" ಎಂದು ಬರೆದರೆ ಆ ಮಾತು ಹದಿನೈದು ನಿಮಿಷದಲ್ಲಿ ಮೇಲಕ್ಕೆ ಸರಿದು ಕಣ್ಮರೆಯಾಗುತ್ತಿತ್ತು. ಈ ಕೆಲಸ ಮಾಡುವವರಿಗೆ ಆ ವಾಕ್ಯದ ಗಂಭೀರತೆ ಗೊತ್ತು. ಒತ್ತಿದರೂ ಮಾಸದ ಕೆಂಪು ಎಂದರೆ ಹಾಸಿಗೆ ಹುಣ್ಣಿನ ಮೊದಲ ಹಂತ.

ಮಾತಾಡುವವರು ಕಡಿಮೆಯೆಂದು ಗೊಣಗಿದಾಗಲೆಲ್ಲ ಬಲ್ಲವರು, ಜಾಲತಾಣಗಳ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಬರೆದ 90-9-1ರ ಲೆಕ್ಕ ಹೇಳುತ್ತಿದ್ದರು. ನೂರರಲ್ಲಿ ತೊಂಬತ್ತು ಜನ ಬರೀ ನೋಡುತ್ತಾರೆ, ಒಂಬತ್ತು ಜನ ಆಗೊಮ್ಮೆ ಈಗೊಮ್ಮೆ ಬಾಯಿಬಿಡುತ್ತಾರೆ, ಒಬ್ಬ ಮಾತ್ರ ಮಾತಾಡುತ್ತಾನೆ. ಇದು ಜಗದ ನಿಯಮ, ಸುಮ್ಮನಿರಿ ಎಂದು. ನಾನು ಸುಮ್ಮನಿರಲಿಲ್ಲ. ಗೋಡೆ ನೋಡುತ್ತಾ ಕೂರುವ ಆ ತೊಂಬತ್ತು ಜನರಿಗೇ ಜೊತೆ ಬೇಕಾಗಿತ್ತು.

ಹಣದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಯಾರೂ ಬರೆಯುವುದಿಲ್ಲ. ಮೊದಲ ದೊಡ್ಡ ಖರ್ಚು ಜಾಹೀರಾತು. ಸುಮಾರು ಒಂದು ತಿಂಗಳ ಸಂಬಳ ಹೋಯಿತು. ಬಂದವರು ಐದಾರು ನೂರು ಜನ. ತಿಂಗಳ ಮೇಲೆ ಬಾಯಿ ತೆರೆದವರು ಹತ್ತು ಹನ್ನೆರಡು ಮಂದಿ ಇದ್ದರೆ ಹೆಚ್ಚು. ಆಮೇಲೆ, ಹೆಚ್ಚು ಬರೆದವರಿಗೆ ತಿಂಗಳಿಗೊಂದು ಬಹುಮಾನ. ಬರೆದದ್ದು ಹೆಚ್ಚಾಯಿತು, ನಿಜ. ಅದರಲ್ಲಿ ಮುಕ್ಕಾಲು ಪಾಲು ಬೇರೆ ಕಡೆಯಿಂದ ಎತ್ತಿ ಹಾಕಿದ್ದು. ಬಹುಮಾನ ನಿಲ್ಲಿಸಿದ ವಾರವೇ ಆ ಸದ್ದೂ ನಿಂತಿತು. ಮೂರನೆಯದು ನಮ್ಮದೇ ಜಾಲತಾಣ. ವಿನ್ಯಾಸ, ಸರ್ವರ್ ಬಾಡಿಗೆ, ದೋಷ ತಿದ್ದಲು ಆಗಾಗ ಒಬ್ಬ ಹುಡುಗ, ಎಲ್ಲ ಸೇರಿ ಎರಡೂವರೆ ತಿಂಗಳ ಸಂಬಳದಷ್ಟು ಕೈಬಿಟ್ಟಿತು. ರೋಗಿಯ ಪಕ್ಕದಲ್ಲಿ ಒಂದು ಕೈಯಲ್ಲಿ ಮೊಬೈಲ್ ಹಿಡಿದವರು ಪಾಸ್‌ವರ್ಡ್ ಹಾಕಿ ಒಳಗೆ ಬರುವುದಿಲ್ಲ. ವರ್ಷ ತುಂಬುವ ಮೊದಲೇ ಅದನ್ನು ಮುಚ್ಚಿದೆ.

ಸದಸ್ಯರಿಂದ ಚಂದಾ ಎತ್ತಿ ನೋಡಿದ್ದೂ ಉಂಟು. ಮೊತ್ತ ತೀರಾ ಸಣ್ಣದು, ಕೊಟ್ಟವರು ನಲವತ್ತರಷ್ಟು ಜನ. ಕೊಟ್ಟ ಮರುಗಳಿಗೆಯೇ ಅವರು ಗ್ರಾಹಕರಾದರು. "ಹಣ ಕೊಟ್ಟಿದ್ದೇನೆ, ನನ್ನ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ" ಎಂಬ ಮಾತು ಬಂದ ದಿನ ಎಲ್ಲರ ಹಣವನ್ನೂ ವಾಪಸು ಮಾಡಿದೆ. ಕೊನೆಯದಾಗಿ ರೋಗಿಗಳ ಆರೈಕೆಯ ಉಪಕರಣ ಮಾರುವವರೊಬ್ಬರ ಪ್ರಾಯೋಜಕತ್ವ. ಅದು ಕೆಲವು ತಿಂಗಳು ನಡೆಯಿತು, ಖರ್ಚೆಲ್ಲ ಕಳೆದು ಸ್ವಲ್ಪ ಉಳಿಯಿತು ಕೂಡ. ಆದರೆ ಸದಸ್ಯರೊಬ್ಬರು ಖಾಸಗಿಯಾಗಿ ಕೇಳಿದರು: "ನೀವು ಹೇಳುವ ಹಾಸಿಗೆ ನಿಮಗೆ ಹಣ ಕೊಡುವವರದ್ದೇ?" ಹೌದು ಎಂದೆ. ಆಮೇಲೆ ಅವರು ನನ್ನನ್ನು ಏನನ್ನೂ ಕೇಳಲಿಲ್ಲ. ಆ ಒಪ್ಪಂದವನ್ನು ಅಲ್ಲಿಗೇ ಮುಗಿಸಿದೆ.

ದಾರಿ ಸಿಕ್ಕಿದ್ದು ಹಣ ಖರ್ಚಾಗದ ಕೆಲಸದಲ್ಲಿ. ಗುಂಪಿನ ಹಲವು ತಿಂಗಳ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿ, ಫಾರ್ವರ್ಡ್‌ಗಳನ್ನೂ ಚಿತ್ರಗಳನ್ನೂ ತೆಗೆದುಹಾಕಿ, ಉಳಿದ ಸ್ವಂತ ಮಾತುಗಳನ್ನು ಗಂಟೆಗಳ ಪ್ರಕಾರ ಜೋಡಿಸಿದೆ. ಹಗಲಿನಲ್ಲಿ ಸ್ವಂತ ಮಾತು ಅಲ್ಲೊಂದು ಇಲ್ಲೊಂದು. ರಾತ್ರಿ ಹನ್ನೆರಡರಿಂದ ನಾಲ್ಕೂವರೆಯವರೆಗೆ ಮಾತ್ರ ದಟ್ಟವಾಗಿದ್ದವು. ಕಾರಣ ನಮ್ಮವರಿಗೆ ಹೇಳಬೇಕಿಲ್ಲ. ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅಲಾರಂ ಇಟ್ಟುಕೊಂಡು ಏಳುತ್ತಾರೆ, ಬದಲಿಸುತ್ತಾರೆ, ಮತ್ತೆ ನಿದ್ದೆ ಹತ್ತುವವರೆಗೆ ಮೊಬೈಲ್ ನೋಡುತ್ತಾರೆ.

ಒಂದು ರಾತ್ರಿಯ ಸಾಲುಗಳು ಹೀಗಿದ್ದವು. 2:04ಕ್ಕೆ ಒಬ್ಬರು: "ಎಡಕ್ಕೆ ತಿರುಗಿಸಿದೆ." 2:06ಕ್ಕೆ ಇನ್ನೊಬ್ಬರು: "ನಮ್ಮಲ್ಲಿ ಬಲಕ್ಕೆ." 2:11ಕ್ಕೆ ಮೂರನೆಯವರು: "ದಿಂಬು ಜಾರಿತ್ತು, ಈಗ ಸರಿ." ಅಷ್ಟೇ. 4:03ಕ್ಕೆ ಮತ್ತೆ ಅದೇ ಮೂವರು. ಒಬ್ಬರಿಗೊಬ್ಬರು ಹೆಸರು ಕೂಡ ಕೇಳಿರಲಿಲ್ಲ. ಮುಂದಿನ ರಾತ್ರಿಗಳಲ್ಲೂ ಅದೇ ಮೂವರೇ ಇದ್ದರು. ಆಮೇಲೊಂದು ರಾತ್ರಿ ಎರಡನೆಯವರ ಸಾಲು ಬರಲಿಲ್ಲ. 2:20ಕ್ಕೆ ಮೊದಲಿನವರು "ಬಲಗಡೆಯವರೇ, ಎದ್ದಿದ್ದೀರಾ?" ಎಂದು ಬರೆದಿದ್ದರು. ಸಾವಿರ ಜನರ ಆ ಸಂತೆಯಲ್ಲಿ ಒಬ್ಬರ ಗೈರುಹಾಜರಿಯನ್ನು ಇನ್ನೊಬ್ಬರು ಗಮನಿಸಿದ ಬೇರೆ ಉದಾಹರಣೆ ನನಗೆ ಸಿಗಲಿಲ್ಲ. ನಾನು ಕಟ್ಟಬೇಕಾದದ್ದು ಇದನ್ನೇ ಎಂದು ಅಂದೇ ತೀರ್ಮಾನಿಸಿದೆ.

ಕಾಯಿಲೆಯ ಪ್ರಕಾರ, ವಯಸ್ಸಿನ ಪ್ರಕಾರ, ಊರಿನ ಪ್ರಕಾರ ಜನರನ್ನು ವಿಂಗಡಿಸುವುದು ಎಲ್ಲರೂ ಮಾಡುವ ಕೆಲಸ. ನಾನು ಗಡಿಯಾರದ ಪ್ರಕಾರ ವಿಂಗಡಿಸಿದೆ. ಹನ್ನೆರಡಕ್ಕೆ ಏಳುವವರು ಒಂದೆಡೆ, ಎರಡಕ್ಕೆ ಏಳುವವರು ಒಂದೆಡೆ, ನಾಲ್ಕರವರು ಇನ್ನೊಂದೆಡೆ. ಒಂದು ಕೊಠಡಿಗೆ ಆರು ಅಥವಾ ಏಳು ಜನ. ಐವರಿದ್ದರೆ ಇಬ್ಬರು ಮಲಗಿಬಿಟ್ಟ ರಾತ್ರಿ ಉಳಿದವರಿಗೆ ಬಿಕೋ ಎನ್ನಿಸುತ್ತದೆ. ಒಂಬತ್ತು ದಾಟಿದರೆ ತಪ್ಪದೆ ಒಬ್ಬಿಬ್ಬರು ಮೂಕ ಪ್ರೇಕ್ಷಕರಾಗುತ್ತಾರೆ. ಎರಡು ಮೂರು ಕೊಠಡಿಗಳಲ್ಲಿ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಒಬ್ಬ ಮನುಷ್ಯ ಸುಮಾರು 150 ಜನರೊಂದಿಗಷ್ಟೇ ನಂಟು ಉಳಿಸಿಕೊಳ್ಳಬಲ್ಲ ಎಂಬ ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ಅವರ ಸಂಖ್ಯೆಯನ್ನು ಅಡ್ಮಿನ್‌ಗಳೆಲ್ಲ ಉದ್ಧರಿಸುತ್ತಾರೆ. ಅದರ ಒಳಗೇ 5 ಮತ್ತು 15 ಜನರ ಇನ್ನೂ ಹತ್ತಿರದ ಸಣ್ಣ ಸುತ್ತುಗಳನ್ನೂ ಅವರು ಹೇಳಿದ್ದಾರೆ. ನನ್ನ ಕೊಠಡಿಗಳು ಆ ಎರಡರ ನಡುವೆ ಬಂದು ನಿಂತವು.

ಎಲ್ಲ ಕೊಠಡಿಗಳನ್ನೂ ವಾಟ್ಸ್‌ಆ್ಯಪ್ ಕಮ್ಯುನಿಟಿ, ಅಂದರೆ ಹಲವು ಗುಂಪುಗಳನ್ನು ಒಟ್ಟಿಗೆ ಸೇರಿಸುವ ಸೌಲಭ್ಯ, ಅದರ ಒಂದೇ ಸೂರಿನಡಿ ತಂದೆ. ಅದರ ದೊಡ್ಡ ಲಾಭ, ಎಲ್ಲರಿಗೂ ಸೂಚನೆ ತಲುಪಿಸುವ ಪ್ರಕಟಣೆಯ ಗುಂಪಿನಲ್ಲಿ ಸಾಮಾನ್ಯ ಸದಸ್ಯರ ದೂರವಾಣಿ ಸಂಖ್ಯೆ ಪರಸ್ಪರ ಕಾಣುವುದಿಲ್ಲ. ಹಳೆಯ ಗುಂಪಿನಲ್ಲಿ ಹೆಂಗಸರಿಗೆ ಅಪರಿಚಿತರಿಂದ ಅಪರಾತ್ರಿಯಲ್ಲಿ ಸಂದೇಶಗಳು ಬಂದು ಎಷ್ಟೋ ಜನ ಸದ್ದಿಲ್ಲದೆ ಹೊರನಡೆದಿದ್ದರು. ಈಗ ನಂಬರ್ ಕಾಣುವುದು ಕೊಠಡಿಯ ಆರೇಳು ಜನರಿಗೆ ಮಾತ್ರ, ಅದೂ ನಾನು ಪ್ರತಿಯೊಬ್ಬರೊಂದಿಗೆ ಫೋನಿನಲ್ಲಿ ಮಾತಾಡಿದ ಮೇಲೆ. ಆ ಮಾತುಕತೆ ಸುಮಾರು ಅರ್ಧ ಗಂಟೆ. ಅದರಲ್ಲಿ ನಾನು ಕೇಳುವ ಒಂದು ಪ್ರಶ್ನೆಯಿಂದಲೇ ಯಾರನ್ನು ಯಾರ ಜೊತೆ ಕೂಡಿಸಬಾರದು ಎಂಬುದು ತಿಳಿಯುತ್ತದೆ. ಆ ಪ್ರಶ್ನೆಯನ್ನು ಬರೆಯುವುದಿಲ್ಲ. ಮೊದಲೇ ಗೊತ್ತಾದರೆ ಸಿದ್ಧ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ.

ಹೊಸಬರು ಬಂದ ಕೂಡಲೇ ಪರಿಚಯ ಮಾಡಿಕೊಳ್ಳುವ ಪದ್ಧತಿಯನ್ನು ತೆಗೆದುಹಾಕಿದೆ. ಪರಿಚಯ ಎಂದರೆ ಉದ್ಯೋಗ, ಓದು, ರೋಗದ ವಿವರ; ಅದಕ್ಕೆ ಏಳು ಕೈ ಮುಗಿಯುವ ಚಿಹ್ನೆಗಳು, ಅಲ್ಲಿಗೆ ಮುಗಿಯಿತು. ಬದಲಿಗೆ ಮೊದಲ ವಾರದೊಳಗೆ ಕೊಠಡಿಯವರಿಂದ ಒಂದು ಸಣ್ಣ ಸಹಾಯ ಕೇಳಲೇಬೇಕು. ಹೆಚ್ಚಿನವರು ಕೇಳುವುದು ಒಂದೇ: "ನಾಲ್ಕಕ್ಕೆ ಅಲಾರಂ ಕೇಳಿಸದೆ ಹೋಗಬಹುದು, ಒಂದು ಸಲ ರಿಂಗ್ ಕೊಡುತ್ತೀರಾ?" ಯಾರೋ ರಿಂಗ್ ಕೊಡುತ್ತಾರೆ. ಇವರು ಎತ್ತದೆ ಕತ್ತರಿಸುತ್ತಾರೆ, ಎದ್ದೆ ಎಂಬುದಕ್ಕೆ ಅದೇ ಗುರುತು. ನಾಲ್ಕು ದಿನ ಹೀಗೆ ನಡೆದರೆ ಐದನೆಯ ದಿನ ಮಾತು ತಾನಾಗಿ ಬರುತ್ತದೆ. ನೋಡಿಕೊಳ್ಳುವ ಜನ ಸದಾ ಕೊಡುವವರು, ಕೇಳಲು ನಾಚುತ್ತಾರೆ. ಕೇಳುವುದನ್ನು ನಿಯಮವನ್ನಾಗಿ ಮಾಡಿದಾಗ ಆ ಸಂಕೋಚ ಹೋಯಿತು.

ಉಳಿದ ನಿಯಮಗಳು ಕಡಿಮೆ. ಫಾರ್ವರ್ಡ್ ಎಂಬ ಗುರುತಿರುವ ಯಾವುದೂ ಬೇಡ. ಔಷಧಿಯ ಪ್ರಮಾಣದ ಮಾತು ಬೇಡ, ಅದು ವೈದ್ಯರಿಗೆ ಬಿಟ್ಟದ್ದು. ಕೇಳದೆ ಸಲಹೆ ಕೊಡುವಂತಿಲ್ಲ. ನಾನು ಮೊದಲ ಎರಡು ವಾರ ಕೊಠಡಿಯಲ್ಲಿದ್ದು, ಅವರಲ್ಲೊಬ್ಬರಿಗೆ ಅಡ್ಮಿನ್ ಹೊಣೆ ವಹಿಸಿ ಹೊರಬರುತ್ತೇನೆ. ಇದನ್ನು ಕೇಳಿ ಹುಬ್ಬೇರಿಸದ ಅಡ್ಮಿನ್ ಇಲ್ಲ. ಆದರೆ ನಾನಿರುವಷ್ಟು ದಿನ ಎಲ್ಲರೂ ನನ್ನ ಕಡೆಗೇ ಮುಖ ಮಾಡಿ ಮಾತಾಡುತ್ತಾರೆ; ಹೊರಗೆ ಬಂದ ಮೇಲೆ ಒಬ್ಬರಿಗೊಬ್ಬರು ಮಾತಾಡುತ್ತಾರೆ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಸಂದೇಶಗಳು ತಾವಾಗಿ ಅಳಿಯುವ ಸೌಲಭ್ಯವಿದೆಯಲ್ಲ, 24 ಗಂಟೆ, 7 ದಿನ, 90 ದಿನ, ಮೂರನ್ನೂ ಬೇರೆ ಬೇರೆ ಕೊಠಡಿಗಳಲ್ಲಿ ಇಟ್ಟು ನೋಡಿದೆ. 24 ಗಂಟೆಯಲ್ಲಿ ಅಳಿಸಿದರೆ ನಿನ್ನೆಯ ಮಾತಿನ ಎಳೆ ಸಿಗುವುದಿಲ್ಲ. 90 ದಿನ ಉಳಿಯುವುದಾದರೆ, ಮನೆಯವರು ಯಾರಾದರೂ ಓದಿಯಾರು ಎಂಬ ಅಳುಕು. 7 ದಿನ ಇಟ್ಟ ಕೊಠಡಿಗಳಲ್ಲಿ ಜನ ಮನಸ್ಸು ಬಿಚ್ಚಿದರು. "ಇಂದು ಅವರ ಮೇಲೆ ಕಿರುಚಿಬಿಟ್ಟೆ" ಎಂಬ ಮಾತು ನನಗೆ ಮೊದಲು ಕಂಡದ್ದು ಅಂಥ ಕೊಠಡಿಯಲ್ಲಿ. ಈಗ ಎಲ್ಲ ಕಡೆ ಏಳೇ ದಿನ. ವೀಡಿಯೊ ಕರೆ ನಡೆಯಲಿಲ್ಲ. ಅಸ್ತವ್ಯಸ್ತವಾದ ಕೋಣೆಯನ್ನು ಯಾರೂ ತೋರಿಸಲು ಒಪ್ಪುವುದಿಲ್ಲ. ಧ್ವನಿ ಸಂದೇಶ ಚೆನ್ನಾಗಿ ನಡೆಯಿತು, ಒಂದು ನಿಮಿಷ ಮೀರಬಾರದು ಎಂಬ ಮಿತಿಯೊಂದಿಗೆ. ಗುಪ್ತನಾಮದ ಪ್ರಯೋಗವನ್ನು ಟೆಲಿಗ್ರಾಂನಲ್ಲಿ ಮಾಡಿದೆ. ಅಲ್ಲಿ ಜನ ಹೇಳಿಕೊಳ್ಳುವುದೇನೋ ಧಾರಾಳವಾಗಿ ಹೇಳಿಕೊಂಡರು, ಆದರೆ ಹೇಳಿದವರು ಮರುದಿನ ಬರಲಿಲ್ಲ, ಕೇಳಿದವರಿಗೆ ಅವರನ್ನು ಹುಡುಕುವ ದಾರಿಯೂ ಇರಲಿಲ್ಲ. ಎದೆಯ ಭಾರ ಇಳಿಸಲು ಅದು ಸಾಕು, ನಂಟು ಬೆಳೆಯಲು ಸಾಲದು.

ಯೋಜಿಸದೆ ಬಂದ ಫಲವೊಂದಿದೆ. ಹುಣ್ಣಾಗದಂತೆ ರೋಗಿಯ ಕೆಳಗೆ ಹಾಸುವ, ಪಂಪಿನಿಂದ ಗಾಳಿ ತುಂಬುವ ಹಾಸಿಗೆಗಳು ಮನೆಯಿಂದ ಮನೆಗೆ ಹೋಗತೊಡಗಿದವು. ಒಂದು ಮನೆಯಲ್ಲಿ ಹಾಸಿಗೆಯ ಅಗತ್ಯ ಮುಗಿದಾಗ ಕೊಠಡಿಯ ಇನ್ನೊಬ್ಬರಿಗೆ ಅದು ಪಂಪ್ ಸಮೇತ ಹೋಗುತ್ತದೆ. ಅಂಥದ್ದೊಂದನ್ನು ನಾನೇ ಬಿಚ್ಚಿ ನೋಡಿದ್ದೇನೆ. ಪಂಪಿನ ಗುಂಡಿಯ ಸುತ್ತ, ರೋಗಿಯ ತೂಕಕ್ಕೆ ತಕ್ಕ ಒತ್ತಡದ ಜಾಗದಲ್ಲಿ, ಮೂರು ಬಣ್ಣದ ಪೆನ್ನಿನ ಗೆರೆಗಳಿದ್ದವು. ಮೂರು ಮನೆಗಳ ಗುರುತು. ಕೊಳವೆ ಮಡಚಿಕೊಳ್ಳುವ ಮೂಲೆಗೆ ಯಾರೋ ಬಟ್ಟೆ ಸುತ್ತಿ ಹೊಲಿದಿದ್ದರು. ಈ ಕೈ ಬದಲಾವಣೆಯಿಂದ ಸದಸ್ಯರಿಗೆ ಉಳಿದ ಹಣ, ನಾನು ಜಾಹೀರಾತಿಗೂ ಜಾಲತಾಣಕ್ಕೂ ಸುರಿದದ್ದರ ನಾಲ್ಕೈದು ಪಟ್ಟಾದರೂ ಇರಬೇಕು.

ಹಿರಿಯರು ತೀರಿಕೊಂಡಾಗ ಏನು ಮಾಡುವುದು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ದೊಡ್ಡ ಗುಂಪಿನಲ್ಲಿ ಸಂತಾಪದ ಸಾಲು ಸಾಲು ಬರುತ್ತಿತ್ತು, ಮರುವಾರ ಆ ಸದಸ್ಯರು ಹೊರಹೋಗುತ್ತಿದ್ದರು. ಕೊಠಡಿಗಳಲ್ಲಿ ಸಂತಾಪದ ಸಿದ್ಧ ಚಿತ್ರಗಳಿಗೆ ಅವಕಾಶವಿಲ್ಲ. ತೀರಿಕೊಂಡವರ ಮನೆಯವರಿಗೆ ಎರಡು ಗಂಟೆಗೆ ಎಚ್ಚರವಾಗುವುದು ಅಷ್ಟು ಬೇಗ ನಿಲ್ಲುವುದಿಲ್ಲ. ವರ್ಷಗಟ್ಟಲೆಯ ಅಭ್ಯಾಸ ಅದು. ಆದ್ದರಿಂದ ಅವರನ್ನು ಅಲ್ಲೇ ಇರಿಸಿಕೊಳ್ಳುತ್ತೇವೆ, ಒಂದೇ ಕೆಲಸ ಕೊಟ್ಟು: ಉಳಿದವರಿಗೆ ರಿಂಗ್ ಕೊಡುವುದು. ಹೆಚ್ಚಿನವರು ಆರು ತಿಂಗಳಾದರೂ ಇರುತ್ತಾರೆ, ಕೆಲವರು ಒಂದು ವರ್ಷ ದಾಟಿಯೂ ಇದ್ದಾರೆ. ಅವರಿಗೆ ಆ ಮೊದಲ ವಾರ ನಾನು ಕಳುಹಿಸುವ ಸಂದೇಶವೊಂದಿದೆ. ಅದರ ಪಠ್ಯವನ್ನು ಯಾರಿಗೂ ಕೊಟ್ಟಿಲ್ಲ, ನಕಲಾದರೆ ಅದರ ಬೆಲೆ ಹೋಗುತ್ತದೆ.

ಈಗಿನ ಖರ್ಚು ಒಂದು ಹೆಚ್ಚುವರಿ ಮೊಬೈಲ್ ಮತ್ತು ಅದರ ರೀಚಾರ್ಜ್, ತಿಂಗಳಿಗೆ ಅರ್ಧ ದಿನದ ಸಂಬಳವೂ ಆಗದು. ಸಮಯ ಮಾತ್ರ ಹಿಡಿಯುತ್ತದೆ: ಹೊಸ ಕೊಠಡಿಯೊಂದಕ್ಕೆ ನನ್ನ ಎಂಟು ಹತ್ತು ಗಂಟೆಗಳು, ಬಹುಪಾಲು ಫೋನಿನಲ್ಲಿ.

ಹಗಲಿನ ಕೊಠಡಿಗಳು ಇನ್ನೂ ಹಿಡಿತಕ್ಕೆ ಬಂದಿಲ್ಲ. ಹಗಲು ಪ್ರತಿಯೊಬ್ಬರ ಮನೆಯ ಲಯವೂ ಬೇರೆ. ಹನ್ನೊಂದಕ್ಕೆ ಎಂದರೆ ಒಬ್ಬರು ಸ್ನಾನ ಮಾಡಿಸುತ್ತಿರುತ್ತಾರೆ, ಇನ್ನೊಬ್ಬರು ಕಚೇರಿಯಲ್ಲಿರುತ್ತಾರೆ. ಆರಂಭಿಸಿದ ನಾಲ್ಕೈದರಲ್ಲಿ ಉಳಿದಿರುವುದು ಒಂದು. ಮರೆಗುಳಿತನ ಇರುವ ಹಿರಿಯರು ಸಂಜೆಯಾಗುತ್ತಲೇ ಚಡಪಡಿಸತೊಡಗುವ ಹೊತ್ತನ್ನು ಹಿಡಿದು ಐದೂವರೆಗೆ ಸೇರುವ ಕೊಠಡಿ ಅದು. ಅದೇ ಹೊತ್ತಿಗೆ ಇನ್ನೆರಡು ಕೊಠಡಿಗಳನ್ನು ತೆರೆದಿದ್ದೇನೆ. ಒಂದರಲ್ಲಿ ರಿಂಗ್ ಕೊಡುವುದು ಶುರುವಾಗಿದೆ, ಇನ್ನೊಂದರಲ್ಲಿ ಇನ್ನೂ ನಾನೇ ಮಾತಾಡುತ್ತಿದ್ದೇನೆ.