ಎಂಟು ಪ್ಲಗ್‌ಗಳ ಹೋಂಡಾ ಸಿಟಿಯಲ್ಲಿ ಮಿಸ್ಸಿಂಗ್ ಹಿಡಿದ ಬಗೆ

ಸಿಲಿಂಡರ್‌ಗೆ ಎರಡೆರಡು ಸ್ಪಾರ್ಕ್ ಪ್ಲಗ್ ಇರುವ ಅವಳಿ ಪ್ಲಗ್ ಎಂಜಿನ್‌ನಲ್ಲಿ ಬಂದು ಹೋಗುವ ಮಿಸ್ಸಿಂಗ್ (ಸರಿಯಾಗಿ ಉರಿಯದೆ ಎಂಜಿನ್ ತಡವರಿಸೋದು) ಇದ್ದರೆ, ಒಂದು ಸಾಲಿನ ಪ್ಲಗ್‌ಗಳನ್ನು ಪೂರ್ತಿ ಆಫ್ ಮಾಡಿ ಓಡಿಸಿ ನೋಡಿ. ನಾನು ಹೀಗೆ ಹೇಳಿದಾಗ ರೇಸ್ ಟ್ರ್ಯಾಕ್‌ನಲ್ಲಿ ಗಾಡಿ ನಿಲ್ಲಿಸುವ ಪ್ಯಾಡಕ್‌ನಲ್ಲಿ ಯಾರೂ ಒಪ್ಪಲಿಲ್ಲ. "ಎಂಜಿನ್ ಹೋಗುತ್ತೆ ಕಣಯ್ಯ, ಸುಮ್ನೆ ಹೆಚ್ಚು ಪವರ್‌ನ ವಿಟೆಕ್ ಎಂಜಿನ್ ಹಾಕ್ಕೋ" ಅಂದರು. ಎಂಜಿನ್ ಹೋಗಲಿಲ್ಲ. ಮಿಸ್ಸಿಂಗ್ ಹೋಯಿತು.

ನನ್ನದು ಹೋಂಡಾ ಸಿಟಿ ಐ-ಡಿಎಸ್‌ಐ. 1497 ಸಿಸಿ, ನಾಲ್ಕು ಸಿಲಿಂಡರ್, ಮುಂದೊಂದು ಹಿಂದೊಂದು ಸಾಲಿನಲ್ಲಿ ಎಂಟು ಪ್ಲಗ್, ಅವಕ್ಕೆ ಕಿಡಿ ಕೊಡುವ ಎಂಟು ಕಾಯಿಲ್. ಟ್ರ್ಯಾಕ್‌ಗೆ ಅಂತ ಎಲ್ಲರೂ ಹುಡುಕೋದು ವಿಟೆಕ್ ಗಾಡಿಯನ್ನೇ. ಐ-ಡಿಎಸ್‌ಐ ಕಡಿಮೆ ಬೆಲೆಗೆ ಸಿಕ್ಕಿತು. ಕೆಳಗಿನ ಆರ್‌ಪಿಎಂನಲ್ಲಿ ಅದರ ಪಿಕಪ್ ನನಗೆ ಇಷ್ಟ ಕೂಡ. ಒಳಗಿನದ್ದೆಲ್ಲ ಕಿತ್ತು, ರೋಲ್ ಕೇಜ್ (ಗಾಡಿ ಮಗುಚಿದರೆ ಕಾಯುವ ಕಬ್ಬಿಣದ ಚೌಕಟ್ಟು) ಹಾಕಿ, ಹೆಡರ್ (ಎಂಜಿನ್ ಪಕ್ಕದ ಎಕ್ಸಾಸ್ಟ್ ಪೈಪ್) ಮಾಡಿಸಿ ಓಡಿಸುತ್ತಿದ್ದೇನೆ. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಕಂಪನಿಯದೇ.

ತೊಂದರೆ ಹೀಗಿತ್ತು. ಬೆಂಗಳೂರಿನಲ್ಲಿ ಏನೂ ಇಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಮಧ್ಯಾಹ್ನದ ಬಿಸಿಲಿಗೆ ಮೂರ್ನಾಲ್ಕು ಲ್ಯಾಪ್ ಆದ ಮೇಲೆ, 5000 ದಾಟಿ ಫುಲ್ ಥ್ರಾಟಲ್ ಕೊಟ್ಟರೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಆಗುತ್ತಿತ್ತು. ಎರಡು ಸೆಕೆಂಡಿಗೆ ಸರಿ. ಮತ್ತೆ ಎಳೆತ. ಪಿಟ್‌ಗೆ ಬಂದರೆ ಐಡ್ಲಿಂಗ್ ಗಡಿಯಾರದ ಹಾಗೆ ಇರುತ್ತಿತ್ತು. ಸ್ಕ್ಯಾನರ್ ಹಾಕಿದರೆ ದೋಷದ ಕೋಡ್ ಇಲ್ಲ.

ಎಕ್ಸಾಸ್ಟ್‌ನಲ್ಲಿರುವ ಆಕ್ಸಿಜನ್ ಅಳೆಯುವ ವೈಡ್‌ಬ್ಯಾಂಡ್ ಮೀಟರ್ ಆ ಹೊತ್ತಿಗೆ ಲೀನ್, ಅಂದರೆ ಗಾಳಿಗೆ ಪೆಟ್ರೋಲ್ ಕಡಿಮೆ ಅಂತ ತೋರಿಸುತ್ತಿತ್ತು. ಎಲ್ಲರೂ ಪೆಟ್ರೋಲ್ ಹಿಂದೆ ಬಿದ್ದದ್ದು ಅದಕ್ಕೇ. ಫ್ಯೂಯಲ್ ಪಂಪ್ ಹೊಸದು ಹಾಕಿಸಿದರು, ಆರೇಳು ಸಾವಿರ. ಇಂಜೆಕ್ಟರ್ ಕ್ಲೀನಿಂಗ್, ಎರಡು ಸಾವಿರದ ಹತ್ತಿರ. ಎಂಟು ಇರಿಡಿಯಂ ಪ್ಲಗ್, ಐದೂವರೆ ಸಾವಿರ ಇರಬಹುದು. ಆಮೇಲೆ ಹಿಂದಿನ ಸಾಲಿಗೆ ನಾಲ್ಕು ಕಾಯಿಲ್, ಹನ್ನೆರಡು ಸಾವಿರ. ಪವರ್ ಅಳೆಯುವ ಡೈನೋ ಯಂತ್ರದ ಬಾಡಿಗೆ, ಚೆನ್ನೈಗೆ ಗಾಡಿ ಸಾಗಿಸಿದ ಖರ್ಚು ಬೇರೆ. ಒಟ್ಟು ನಲವತ್ತು ಸಾವಿರ ದಾಟಿತು. ಮಿಸ್ಸಿಂಗ್ ಮಾತ್ರ ಅಲ್ಲೇ ಇತ್ತು.

ಲೀನ್ ಅನ್ನುವ ಆ ರೀಡಿಂಗ್ ಬಗ್ಗೆ ಒಂದು ಮಾತು. ಸಿಲಿಂಡರ್‌ನಲ್ಲಿ ಸರಿಯಾಗಿ ಉರಿಯದಿದ್ದರೆ, ಬಳಕೆಯಾಗದ ಆಕ್ಸಿಜನ್ ಹಾಗೇ ಹೊರಗೆ ಬರುತ್ತದೆ. ಸೆನ್ಸರ್ ನೋಡೋದು ಆಕ್ಸಿಜನ್ನನ್ನು. ಪೆಟ್ರೋಲ್ ಸರಿಯಾಗಿಯೇ ಬಿದ್ದಿದ್ದರೂ ಅದು ಲೀನ್ ಅಂತಲೇ ಹೇಳುತ್ತದೆ. ನನಗೆ ಇಗ್ನಿಷನ್ ಮೇಲೆ ಅನುಮಾನ ಬಂದದ್ದು ಹೆಡರ್ ನೋಡಿ. ಎಳೆತ ಜಾಸ್ತಿ ಇದ್ದ ಸೆಷನ್ ಮುಗಿದಾಗ ಹೆಡರ್ ಬೇರೆ ದಿನಗಳಿಗಿಂತ ಹೆಚ್ಚು ಕೆಂಪಾಗಿರುತ್ತಿತ್ತು. ಒಂದೇ ಪ್ಲಗ್ ಹೊಡೆದರೆ ಉರಿ ನಿಧಾನ. ಕಿಡಿ ಹೊಡೆಯುವ ಟೈಮಿಂಗ್ ಲೆಕ್ಕ ಹಾಕಿರೋದು ಎರಡು ಪ್ಲಗ್‌ಗೆ. ಹಾಗಾಗಿ ಉರಿ ಎಕ್ಸಾಸ್ಟ್‌ವರೆಗೂ ಎಳೆಯುತ್ತದೆ. ಅವಳಿ ಪ್ಲಗ್‌ನ ಕಷ್ಟವೇ ಇದು. ಒಂದು ಸತ್ತರೂ ಇನ್ನೊಂದು ಎಂಜಿನ್ನನ್ನು ಓಡಿಸಿಬಿಡುತ್ತದೆ, ಕಾಯಿಲೆ ಬಚ್ಚಿಟ್ಟುಕೊಳ್ಳುತ್ತದೆ.

ಅವಳಿ ಪ್ಲಗ್ ಎಂಜಿನ್‌ನ ಸಣ್ಣ ವಿಮಾನಗಳಲ್ಲಿ ಹಾರುವ ಮೊದಲು, ಪ್ಲಗ್‌ಗಳಿಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೋಗಳಲ್ಲಿ ಒಂದೊಂದೇ ಆಫ್ ಮಾಡಿ ಆರ್‌ಪಿಎಂ ಎಷ್ಟು ಇಳಿಯಿತು ಅಂತ ನೋಡುತ್ತಾರೆ. ಕಾರಿಗೂ ಅದನ್ನೇ ಮಾಡಿದೆ. ಕಾಯಿಲ್‌ಗಳ 12 ವೋಲ್ಟ್ ಫೀಡ್ ಕತ್ತರಿಸಿ ಮುಂದಿನ ಸಾಲಿಗೆ ಒಂದು, ಹಿಂದಿನ ಸಾಲಿಗೆ ಒಂದು ಅಂತ ಎರಡು ಮಾಡಿದೆ. ಎರಡಕ್ಕೂ ಬೇರೆ ಬೇರೆ ಫ್ಯೂಸ್, ರಿಲೇ, ಡ್ಯಾಶ್ ಮೇಲೆ ಸ್ವಿಚ್. ಸಾಮಾನು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಐನೂರು ರೂಪಾಯಿಗೆ ಮುಗಿಯಿತು.

ಸ್ಟ್ಯಾಂಡ್ ಮೇಲೆ 3000ಕ್ಕೆ ಥ್ರಾಟಲ್ ಕದಲದ ಹಾಗೆ ಹಿಡಿದು ನೋಡಿದೆ. ಯಾವ ಸಾಲು ಆಫ್ ಮಾಡಿದರೂ ನೂರರ ಆಸುಪಾಸು ಇಳಿಯಿತು. ಎರಡೂ ಹೆಚ್ಚುಕಡಿಮೆ ಒಂದೇ. ನೋಡುತ್ತಿದ್ದವರು ನಕ್ಕರು. ಆದರೆ ಅದು ಲೋಡ್ ಇಲ್ಲದೆ, ಎಂಜಿನ್ ತಣ್ಣಗಿದ್ದಾಗ. ಡೈನೋ ಮೇಲೆ ಚೆನ್ನಾಗಿ ಬಿಸಿ ಮಾಡಿ ಲೋಡ್ ಕೊಟ್ಟು ಓಡಿಸಿದಾಗ ಕತೆ ಬೇರೆ ಆಯಿತು. ಮುಂದಿನ ಸಾಲು ಮಾತ್ರ ಇದ್ದಾಗ ಪವರ್ ಐದಾರು ಎಚ್‌ಪಿ ಕಡಿಮೆ, ಆದರೆ ಗ್ರಾಫಿನ ಗೆರೆಯಲ್ಲಿ ಏರುಪೇರಿಲ್ಲ. ಹಿಂದಿನ ಸಾಲು ಮಾತ್ರ ಇದ್ದಾಗ 4500 ದಾಟಿದ್ದೇ ಪಟಪಟ ಅಂತ ಹೊಡೆಯಿತು. ಅಷ್ಟು ದಿನ ಬಂದು ಹೋಗುತ್ತಿದ್ದ ತೊಂದರೆ ಬೇಕೆಂದಾಗ ಬರುವ ಹಾಗಾಯಿತು. ಅಲ್ಲಿಗೆ ಅರ್ಧ ಕೆಲಸ ಮುಗಿದ ಹಾಗೇ, ಅಲ್ವಾ?

ಈ ಮಧ್ಯೆ ಪ್ಲಗ್ ಗ್ಯಾಪ್ ಆಟವೂ ಆಡಿದೆ. 1.1 ಮಿ.ಮೀ.ನಿಂದ 0.9ಕ್ಕೆ ತಂದರೆ ಮಿಸ್ಸಿಂಗ್ 500 ಆರ್‌ಪಿಎಂ ಮೇಲಕ್ಕೆ ಹೋಯಿತು. ಕಾಯಿಲ್‌ಗೆ ಕರೆಂಟ್ ಪೂರ್ತಿ ತುಂಬುತ್ತಿಲ್ಲ, ಕಿಡಿಗೆ ಬಲ ಸಾಲುತ್ತಿಲ್ಲ ಅನ್ನೋ ಅನುಮಾನ ಗಟ್ಟಿಯಾಯಿತು. ಈಗ ನಾನು ಇಟ್ಟಿರುವ ಗ್ಯಾಪ್ ಇವೆರಡೂ ಅಲ್ಲ. ಅದು ನನ್ನ ಹತ್ತಿರವೇ ಇರಲಿ. ರಾತ್ರಿ ಲೈಟ್ ಆರಿಸಿ ಕಾಯಿಲ್‌ಗಳ ಮೇಲೆ ನೀರು ಸ್ಪ್ರೇ ಮಾಡಿಯೂ ನೋಡಿದೆ. ಕಿಡಿ ಎಲ್ಲೂ ಸೋರುತ್ತಿರಲಿಲ್ಲ.

ಹೊಸ ಕಾಯಿಲ್, ಹೊಸ ಪ್ಲಗ್, ಫೀಡ್ ಕೂಡ ಹೊಸದು. ಉಳಿದದ್ದು ಕಿಡಿ ಹೊಡೆ ಅಂತ ಇಸಿಯು ಕಳಿಸುವ ಸಿಗ್ನಲ್ ಮತ್ತು ಕರೆಂಟ್ ವಾಪಸ್ ಹೋಗುವ ಅರ್ಥ್. ಸಿಗ್ನಲ್ ವೈರ್ ಒಂದೊಂದು ಕಾಯಿಲ್‌ಗೆ ಒಂದೊಂದು. ನಾಲ್ಕೂ ಒಟ್ಟಿಗೆ ಕೆಡುವುದು ಕಷ್ಟ. ನಾಲ್ಕಕ್ಕೂ ಸೇರಿ ಇರೋದು ಅರ್ಥ್. ಮಲ್ಟಿಮೀಟರ್‌ನಲ್ಲಿ ಬೀಪ್ ಸರಿಯಾಗೇ ಬರುತ್ತಿತ್ತು. ಎಲೆಕ್ಟ್ರಿಷಿಯನ್ ಅಷ್ಟಕ್ಕೇ "ಅರ್ಥ್ ಓಕೆ" ಅಂದಿದ್ದರು. ಆದರೆ ಮೀಟರ್ ಬೀಪ್ ಮಾಡಲು ಒಂದು ಎಳೆ ತಾಮ್ರ ಸಾಕು. ಕಾಯಿಲ್ ತುಂಬುವಾಗ ಆರೇಳು ಆಂಪ್ ಎಳೆಯುತ್ತದೆ.

ಹಾಗಾಗಿ ಹಿಂದಿನ ಸಾಲಿನ ಒಂದು ಕಾಯಿಲ್‌ನ ವೈರ್ ಕಪ್ಲರ್ ಬಿಚ್ಚಿ, ಅದರ ಅರ್ಥ್ ಪಿನ್‌ಗೂ ಬ್ಯಾಟರಿ ಪ್ಲಸ್‌ಗೂ ನಡುವೆ ಹೆಡ್‌ಲೈಟಿನ 55 ವ್ಯಾಟ್ ಬಲ್ಬ್ ಕಟ್ಟಿದೆ. ಪೂರ್ತಿ ಬೆಳಕು ಬಂತು. ಹೀಟ್ ಗನ್ ಹಿಡಿದು ವೈರಿಂಗ್ ಕಿಟ್ ಬಿಸಿ ಮಾಡುತ್ತಾ ಅಲ್ಲಾಡಿಸಿದೆ. ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಪಕ್ಕದ ಮೂಲೆಗೆ ಬಂದಾಗ ಬಲ್ಬ್ ಮಂಕಾಯಿತು. ಪಿನ್‌ಗೂ ಬ್ಯಾಟರಿ ಮೈನಸ್‌ಗೂ ಎರಡು ವೋಲ್ಟ್‌ಗಿಂತ ಜಾಸ್ತಿ ಡ್ರಾಪ್. ಇರಬೇಕಾದದ್ದು 0.1ರ ಆಸುಪಾಸು.

ಟೇಪ್ ಬಿಚ್ಚಿದೆ. ಹಿಂದಿನ ಓನರ್ ಕಾಲದಲ್ಲಿ ಯಾರೋ ಏನೋ ಫಿಟ್ ಮಾಡಲು ಅರ್ಥ್ ವೈರ್ ಸುಲಿದು ಸುತ್ತಿ ಬಿಟ್ಟಿದ್ದರು. ಒಳಗೆ ಹಸಿರು ಕಿಲುಬು. ಎಳೆಗಳು ಮುಕ್ಕಾಲು ಪಾಲು ಮುರಿದಿದ್ದವು. ಮೇಲಿನ ಪ್ಲಾಸ್ಟಿಕ್ ಮಾತ್ರ ಹೊಸದರ ಹಾಗಿತ್ತು. ಮುಟ್ಟಬೇಕಾದರೆ ವೈಪರ್, ಅದರ ಕೆಳಗಿನ ಕೌಲ್ ಕವರ್ ಎಲ್ಲ ಬಿಚ್ಚಬೇಕು. ಹಾಗಾಗಿ ಅಲ್ಲಿಗೆ ಯಾರೂ ಕೈ ಹಾಕಿರಲಿಲ್ಲ. ದಪ್ಪ ವೈರ್ ಹಾಕಿ, ತುದಿಗೆ ಲಗ್ ಒತ್ತಿ ಕೂರಿಸಿ ಎಂಜಿನ್ ಹೆಡ್‌ಗೆ ಬೋಲ್ಟ್ ಮಾಡಿದೆ. ಕಾರಿನ ಬಾಡಿಗೂ ಇನ್ನೊಂದು ವೈರ್ ಎಳೆದೆ. ಇನ್ನೂರು ರೂಪಾಯಿ ಖರ್ಚಿರಬಹುದು. ಕಂಪನಕ್ಕೆ ವೈರ್ ಮತ್ತೆ ಮುರಿಯದ ಹಾಗೆ ಅದನ್ನು ಕಟ್ಟಿದ ರೀತಿ ನೋಡಬೇಕಾದವರು ಗ್ಯಾರೇಜಿಗೇ ಬರಬೇಕು.

ಮುಂದಿನ ಸಲ ಇರುಂಗಾಟ್ಟುಕೋಟೈನಲ್ಲಿ ಅದೇ ಮಧ್ಯಾಹ್ನದ ಬಿಸಿಲಿಗೆ ಪೂರ್ತಿ ಸೆಷನ್ ಓಡಿಸಿದೆ. ಒಂದು ಸಲವೂ ಆ ಎಳೆತ ಬರಲಿಲ್ಲ. ಲ್ಯಾಪ್ ಟೈಮ್ ಎರಡು ಸೆಕೆಂಡ್‌ನಷ್ಟು ಇಳಿಯಿತು. ವಿಟೆಕ್ ಹಾಕು ಅಂದವರೊಬ್ಬರನ್ನು ನೇರದಲ್ಲೇ ದಾಟಿದೆ. ಸ್ವಿಚ್‌ಗಳನ್ನು ತೆಗೆದಿಲ್ಲ. ಪ್ರತಿ ಸೆಷನ್ ಮೊದಲು, ಎಂಜಿನ್ ಬಿಸಿಯಾದ ಮೇಲೆ, ಎರಡೂ ಸಾಲಿನ ಡ್ರಾಪ್ ನೋಡಿ ಬರೆದಿಡುತ್ತೇನೆ.

ಅವಳಿ ಪ್ಲಗ್‌ನ ಪಲ್ಸರ್ ಡಿಟಿಎಸ್‌-ಐ ಬೈಕ್ ರೇಸ್ ಮಾಡುವ ಹುಡುಗರು ಇದೇ ಟೆಸ್ಟ್ ಕೇಳಿದ್ದರು. ಅದರಲ್ಲೂ ಆಗುತ್ತದೆ. ಆದರೆ ಪ್ಲಗ್ ಕ್ಯಾಪ್ ಎಳೆದು ಸುಮ್ನೆ ನೇತು ಬಿಡಬೇಡಿ. ಅದಕ್ಕೊಂದು ಹಳೆ ಪ್ಲಗ್ ಸಿಕ್ಕಿಸಿ, ಅದನ್ನು ಎಂಜಿನ್‌ಗೆ ಗಟ್ಟಿಯಾಗಿ ಅರ್ಥ್ ಮಾಡಿ. ಕಿಡಿಗೆ ದಾರಿ ಇಲ್ಲದಿದ್ದರೆ ಕಾಯಿಲ್ ಅಥವಾ ಅದನ್ನು ನಡೆಸುವ ಸಿಡಿಐ ಬಾಕ್ಸ್ ಸುಟ್ಟು ಹೋಗಬಹುದು.