ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ದೊಡ್ಡ ಗೇಮ್: ಮೊದಲು ರ್ಯಾಮಿಗೆ ಜೋಡಿ ಹುಡುಕಿ

ಅಕ್ಕನ ಮಗ ಇಂಜಿನಿಯರಿಂಗ್ ಸೇರಿದಾಗ ಮನೆಯಲ್ಲಿ ಕೊಡಿಸಿದ ಲ್ಯಾಪ್‌ಟಾಪ್ ಅದು. ಇಂಟೆಲ್ 11ನೇ ತಲೆಮಾರಿನ ಐ5, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ದಸರಾ ರಜೆಗೆ ಬಂದವನು ಅದನ್ನು ನನ್ನ ಮುಂದಿಟ್ಟು, "ಮಾಮ, ಜಿಟಿಎ 5 ಹಾಕಿದ್ರೆ ಫೋಟೋ ಆಲ್ಬಮ್ ತಿರುಗಿಸ್ದಂಗೆ ಓಡುತ್ತೆ" ಎಂದ. ಅಷ್ಟರಲ್ಲಾಗಲೇ ಅವನು ನೀಲಿ ಲೈಟಿನ ಕೂಲಿಂಗ್ ಪ್ಯಾಡ್ ಕೊಂಡಿದ್ದ. ಗೇಮ್ ಬೂಸ್ಟರ್ ಅಂತ ಮೂರು ಸಾಫ್ಟ್‌ವೇರ್ ತುಂಬಿದ್ದ. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿಸಿದ್ದ. ಕೊನೆಗೆ ಒಂದು ಅಂಗಡಿಗೆ ಹೋಗಿ ರ್ಯಾಮನ್ನೂ ಹೆಚ್ಚಿಸಿಕೊಂಡು ಬಂದಿದ್ದ. ಇದ್ದ 8 ಜಿಬಿ ತೆಗೆದು 16 ಜಿಬಿಯದು ಒಂದು ಹಾಕಿಕೊಟ್ಟಿದ್ದರು. ಎಡವಟ್ಟು ಆಗಿದ್ದೇ ಅಲ್ಲಿ.

"ಹಳೇ 8 ಜಿಬಿ ಎಲ್ಲಿ?" ಎಂದೆ. ಬ್ಯಾಗಿನ ಜೇಬಿನಿಂದ ತೆಗೆದುಕೊಟ್ಟ. ಖಾಲಿ ಇದ್ದ ಎರಡನೇ ಸ್ಲಾಟಿಗೆ ಅದನ್ನೇ ಹಾಕಿದೆವು. ಒಂದು ರೂಪಾಯಿ ಖರ್ಚಿಲ್ಲ. ಅದುವರೆಗೆ ಟಾಸ್ಕ್ ಮ್ಯಾನೇಜರಿನಲ್ಲಿ ಬರೀ 'ಇಂಟೆಲ್ ಯುಎಚ್‌ಡಿ ಗ್ರಾಫಿಕ್ಸ್' ಅಂತಿದ್ದ ಹೆಸರು 'ಐರಿಸ್ ಎಕ್ಸ್‌ಇ' ಅಂತ ಬದಲಾಯಿತು. ಹುಡುಗ ಕಣ್ಣುಜ್ಜಿಕೊಂಡ. ಇದೇನೂ ಮಾಯೆಯಲ್ಲ. ಎರಡು ಚಾನೆಲ್ ಮೆಮೊರಿ, ಅಂದರೆ ಮಾಹಿತಿ ಹರಿಯಲು ಎರಡು ದಾರಿ, ಇಲ್ಲದಿದ್ದರೆ ಆ ಚಿಪ್ಪಿಗೆ ಐರಿಸ್ ಎಕ್ಸ್‌ಇ ಎಂಬ ಹೆಸರನ್ನೇ ಕೊಡುವುದಿಲ್ಲ ಎಂಬುದು ಇಂಟೆಲ್ ಮಾಡಿಕೊಂಡ ನಿಯಮ.

ಯಾಕೆ ಹೀಗೆ? ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಮೆಮೊರಿ ಇರುತ್ತದೆ. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್‌ಗೆ ಸ್ವಂತ ಮನೆಯಿಲ್ಲ, ರ್ಯಾಮಿನಲ್ಲೇ ಪಾಲು ಕೇಳಬೇಕು. ಡಿಡಿಆರ್4 ಎಂಬ ತಲೆಮಾರಿನ, 3200 ವೇಗದ ರ್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಮಾಹಿತಿ ಹರಿಯುತ್ತದೆ. ಎರಡಿದ್ದರೆ 51.2 ಜಿಬಿ. ಹಳೆಯ ಸಾಧಾರಣ ಕಾರ್ಡ್ ಜಿಟಿಎಕ್ಸ್ 1650 ತನಗೊಂದಕ್ಕೇ ಸೆಕೆಂಡಿಗೆ 128 ಜಿಬಿಯ ಹರಿವು ಇಟ್ಟುಕೊಂಡಿತ್ತು. 8 ತೆಗೆದು 16 ಹಾಕುವುದೆಂದರೆ ಮನೆ ಮೇಲೆ ದೊಡ್ಡ ಟ್ಯಾಂಕ್ ಕಟ್ಟಿ ಹಳೇ ಅರ್ಧ ಇಂಚಿನ ಪೈಪನ್ನೇ ಬಿಟ್ಟ ಹಾಗೆ. ನಲ್ಲಿಯಲ್ಲಿ ನೀರು ಅಷ್ಟೇ ಬರುತ್ತದೆ.

ನಂಬಿಕೆ ಬರದಿದ್ದರೆ ಸ್ಟೀಮ್ ಡೆಕ್ ನೋಡಿ. 2022ರಲ್ಲಿ ಬಂದ ಈ ಕೈಯಾಟದ ಯಂತ್ರದಲ್ಲಿ ಇರುವುದೂ ಪ್ರೊಸೆಸರಿನೊಳಗಿನ (ಇಂಟಿಗ್ರೇಟೆಡ್) ಗ್ರಾಫಿಕ್ಸೇ. ಚಿಪ್ಪಿಗೆ ಸಿಗುವುದು 15 ವ್ಯಾಟ್. ಆದರೂ ಎಲ್ಡನ್ ರಿಂಗ್, ಸೈಬರ್‌ಪಂಕ್ 2077 ಆಡಿಸುತ್ತದೆ. ಅದರ ಗುಟ್ಟು ಎರಡು: ಸೆಕೆಂಡಿಗೆ 88 ಜಿಬಿ ಹರಿಯುವ ಮೆಮೊರಿ, 1280×800ರ ಚಿಕ್ಕ ಪರದೆ. ನಾವೂ ಮಾಡಬೇಕಿರುವುದು ಇಷ್ಟೇ. ಪೈಪ್ ಅಗಲ ಮಾಡಬೇಕು, ಪರದೆಯ ಆಸೆ ಕಡಿಮೆ ಮಾಡಬೇಕು.

1. ಆಗದ ಗೇಮನ್ನು ಬಿಟ್ಟುಬಿಡಿ

ವ್ಯಾಲರೆಂಟ್ ಥರದವು ಸುಲಭವಾಗಿ ಓಡುತ್ತವೆ. 2015ರಲ್ಲಿ ಪಿಸಿಗೆ ಬಂದ ಜಿಟಿಎ 5 ಚೆನ್ನಾಗೇ ಓಡುತ್ತದೆ. ಸೈಬರ್‌ಪಂಕ್ ಆಡಬೇಕೆಂದರೆ ಎಎಂಡಿ ಪ್ರೊಸೆಸರಿನೊಳಗಿನ ರೇಡಿಯಾನ್ 680ಎಂ, 780ಎಂ ಗ್ರಾಫಿಕ್ಸ್ ಇದ್ದರೆ ಖುಷಿ, ಐರಿಸ್ ಎಕ್ಸ್‌ಇ ಇದ್ದರೆ ತಾಳ್ಮೆ ಬೇಕು. 2024ರ ಇಂಡಿಯಾನಾ ಜೋನ್ಸ್ ಗೇಮ್ ಹಾರ್ಡ್‌ವೇರ್ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕುವ ಸೌಲಭ್ಯ) ಚಿಪ್ಪಿನಲ್ಲೇ ಇಲ್ಲದಿದ್ದರೆ ಶುರುವೇ ಆಗುವುದಿಲ್ಲ. 100 ಜಿಬಿ ಡೌನ್‌ಲೋಡ್ ಮಾಡಿದ ಮೇಲೆ ಅಳುವುದಕ್ಕಿಂತ, ಕೊಳ್ಳುವ ಮೊದಲು ಕನಿಷ್ಠ ಅಗತ್ಯಗಳ ಪಟ್ಟಿ ಓದಿ.

2. ಸ್ಲಾಟ್ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. 'ಸ್ಲಾಟ್ಸ್ ಯೂಸ್ಡ್ 1 ಆಫ್ 2' ಅಂತಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಕೆಳಗಿನ 'ಫಾರ್ಮ್ ಫ್ಯಾಕ್ಟರ್' ಸಾಲನ್ನೂ ನೋಡಿ. 'ಸೋಡಿಮ್' ಅಂತಿದ್ದರೆ ರ್ಯಾಮ್ ಬದಲಿಸಬಹುದು. 'ರೋ ಆಫ್ ಚಿಪ್ಸ್' ಅಂತಿದ್ದರೆ ಅದನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ತೆಳ್ಳಗಿನ ದುಬಾರಿ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ಹೀಗೇ. ಅವುಗಳಲ್ಲಿ ಹೆಚ್ಚಿನವಕ್ಕೆ ಮೊದಲೇ ಜೋಡಿ ಚಾನೆಲ್ ಇರುತ್ತದೆ, ಚಿಂತೆಯಿಲ್ಲ. ನೀವು ನೇರ 4ನೇ ಹಂತಕ್ಕೆ ಹೋಗಿ.

3. ಎರಡನೇ ರ್ಯಾಮ್ ಹಾಕುವುದು

ಹತ್ತರಲ್ಲಿ ಎಂಟು ಜನ ಕೆಡಿಸಿಕೊಳ್ಳುವುದು ಇಲ್ಲೇ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಕೊಳ್ಳುವಾಗ ಮೂರು ವಿಷಯ ಕೇಳಿ. ಡಿಡಿಆರ್4ಓ ಡಿಡಿಆರ್5ಓ? ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ವೇಗ ಎಷ್ಟು? 3200ರ ಜೊತೆ 2666 ಹಾಕಿದರೆ ಎರಡೂ 2666ಕ್ಕೆ ಇಳಿಯುತ್ತವೆ. ಲ್ಯಾಪ್‌ಟಾಪಿನದೇ ತಾನೇ? ಡೆಸ್ಕ್‌ಟಾಪಿನದು ಉದ್ದ, ಹೆಚ್ಚುಕಡಿಮೆ ಎರಡರಷ್ಟು. ಅಳತೆ ಒಂದೇ ಇದ್ದರೆ, ಅಂದರೆ 8ಕ್ಕೆ 8 ಇದ್ದರೆ ಒಳ್ಳೆಯದು. 8ಕ್ಕೆ 16 ಹಾಕಿದರೂ ಸಾಮಾನ್ಯವಾಗಿ ನಡೆಯುತ್ತದೆ. ಮೊದಲ 8 ಮತ್ತು 8 ಜೋಡಿಯಾಗಿ ಓಡುತ್ತವೆ, ಉಳಿದ 8 ಒಂಟಿ. ಬೆಂಗಳೂರಿನವರು ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗುವುದಾದರೆ ಹಳೇ ರ್ಯಾಮ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ, "ಇದರ ಜೋಡಿ ಕೊಡಿ" ಅನ್ನಿ. 2025ರ ಕೊನೆಯಿಂದ ರ್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಹೋಗುತ್ತಿರುವುದೇ ಜಾಸ್ತಿ. ಅದಕ್ಕೇ ಸ್ನೇಹಿತರ ಕೆಟ್ಟ ಲ್ಯಾಪ್‌ಟಾಪಿನಿಂದ ತೆಗೆದ ಡಿಡಿಆರ್4 ಸಿಕ್ಕರೆ ಹಿಂದುಮುಂದು ನೋಡಬೇಡಿ. ರ್ಯಾಮ್ ಸುಲಭಕ್ಕೆ ಹಾಳಾಗುವ ವಸ್ತುವಲ್ಲ.

ವಾರಂಟಿ ಇದ್ದರೆ, ಹಿಂದಿನ ಮುಚ್ಚಳ ತೆಗೆಯಲು ಕಂಪನಿಯ ಒಪ್ಪಿಗೆ ಇದೆಯೇ ಅಂತ ಮೊದಲು ನೋಡಿಕೊಳ್ಳಿ. ಆಮೇಲೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಸುಮ್ನೆ ಶಟ್‌ಡೌನ್ ಕೊಟ್ಟರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಚಾರ್ಜರ್ ಕಿತ್ತುಬಿಡಿ.

ಲ್ಯಾಪ್‌ಟಾಪ್ ಬೋರಲು ಹಾಕಿ. ಕೆಳಗೆ ಬೆಡ್‌ಶೀಟ್ ಬೇಡ, ಗಟ್ಟಿ ಮೇಜಿನ ಮೇಲೆ ಹಳೇ ಪತ್ರಿಕೆ ಸಾಕು. ಆ ಪತ್ರಿಕೆಯ ಮೇಲೇ ಲ್ಯಾಪ್‌ಟಾಪಿನ ಚಿತ್ರ ಒಂದು ಬರೆದು, ತೆಗೆದ ಸ್ಕ್ರೂ ಒಂದೊಂದನ್ನೂ ಅದರದರ ಜಾಗದಲ್ಲೇ ಟೇಪ್ ಹಾಕಿ ಅಂಟಿಸಿ. ಹಿಂಬದಿಯವು ಉದ್ದ, ಮುಂಬದಿಯವು ಗಿಡ್ಡ ಇರುವುದುಂಟು. ಉದ್ದದ್ದನ್ನು ಮುಂದೆ ಹಾಕಿ ತಿರುಗಿಸಿದರೆ ಅಂಗೈ ಇಡುವ ಜಾಗದಲ್ಲಿ ಒಳಗಿನಿಂದ ಗುಳ್ಳೆ ಏಳುತ್ತದೆ. ಒಂದು ಲ್ಯಾಪ್‌ಟಾಪಿಗೆ ನಾನೇ ಎಬ್ಬಿಸಿದ್ದೇನೆ. ಎಲ್ಲ ಸ್ಕ್ರೂ ತೆಗೆದರೂ ಮುಚ್ಚಳ ಅಲ್ಲಾಡದಿದ್ದರೆ ಬಲ ಹಾಕಬೇಡಿ, ರಬ್ಬರ್ ಕಾಲುಗಳ ಕೆಳಗೆ ಇನ್ನೆರಡು ಅಡಗಿರುತ್ತವೆ. ಮುಚ್ಚಳ ಎಬ್ಬಿಸಲು ಅವಧಿ ಮುಗಿದ ಎಟಿಎಂ ಕಾರ್ಡ್ ಚೆನ್ನಾಗಿದೆ. ಚಾಕು, ಕಬ್ಬಿಣದ ಸ್ಕ್ರೂಡ್ರೈವರ್ ಬೇಡವೇ ಬೇಡ.

ತೆರೆದ ಕೂಡಲೇ ರ್ಯಾಮಿಗೆ ಕೈ ಹಾಕಬೇಡಿ. ಬ್ಯಾಟರಿಯಿಂದ ಬೋರ್ಡಿಗೆ ಹೋಗುವ ಕನೆಕ್ಟರ್ ಹುಡುಕಿ, ಅದನ್ನು ಮೊದಲು ಬಿಡಿಸಿ. ವೈರ್ ಹಿಡಿದು ಎಳೆಯಬಾರದು, ಕನೆಕ್ಟರಿನ ಎರಡು ಬದಿಗೆ ಉಗುರು ಕೊಟ್ಟು ಸ್ವಲ್ಪ ಸ್ವಲ್ಪ ಸರಿಸಬೇಕು. ಕಿಟಕಿಯ ಸರಳನ್ನೋ ಇನ್ಯಾವುದೋ ಕಬ್ಬಿಣವನ್ನೋ ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟಾಟಿಕ್ ಇಳಿದುಹೋಗಲಿ.

ಈಗ ರ್ಯಾಮ್. ಅಂಚುಗಳಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಪಟ್ಟಿ ಮುಟ್ಟಬೇಡಿ. ಕಚ್ಚು ಸರಿಹೊಂದಿಸಿ, ಸುಮಾರು 30 ಡಿಗ್ರಿ ಓರೆಯಾಗಿ ಸ್ಲಾಟಿನೊಳಗೆ ತಳ್ಳಿ. ಚಿನ್ನದ ಪಟ್ಟಿ ಬಹುತೇಕ ಕಾಣದಷ್ಟು ಒಳಗೆ ಹೋಗಬೇಕು. ಹೆಚ್ಚಿನವರು ಅರ್ಧ ತಳ್ಳಿ, ಕೆಳಕ್ಕೆ ಒತ್ತಿ, ಆಯ್ತು ಅಂದುಕೊಳ್ಳುತ್ತಾರೆ. ಪೂರ್ತಿ ಹೋದ ಮೇಲೆಯೇ ಕೆಳಕ್ಕೆ ಒತ್ತಬೇಕು. ಎರಡೂ ಬದಿಯ ಕ್ಲಿಪ್ 'ಟಕ್' ಅಂತ ಹಿಡಿಯುತ್ತವೆ. ಒಂದೇ ಬದಿ ಟಕ್ ಅಂದರೆ ತೆಗೆದು ಮತ್ತೆ ಹಾಕಿ.

ಬ್ಯಾಟರಿ ಸಿಕ್ಕಿಸಿ, ಮುಚ್ಚಳ ಸುಮ್ಮನೆ ಮೇಲಿಟ್ಟು, ಚಾರ್ಜರ್ ಹಾಕಿ ಆನ್ ಮಾಡಿ. ಪರದೆ ಕಪ್ಪಗಿರುತ್ತದೆ. ಹೆದರಬೇಡಿ! ಹೊಸ ರ್ಯಾಮ್ ಸಿಕ್ಕಿದಾಗ ಲ್ಯಾಪ್‌ಟಾಪ್ ಅದನ್ನು ಪರೀಕ್ಷೆ ಮಾಡಿ ಹೊಂದಿಸಿಕೊಳ್ಳುತ್ತದೆ. ಡಿಡಿಆರ್5 ಆದರೆ ಕೆಲವು ನಿಮಿಷವೇ ಹಿಡಿಯಬಹುದು. ಆ ಹೊತ್ತಿನಲ್ಲಿ ಗಾಬರಿಯಿಂದ ಪವರ್ ಬಟನ್ ಒತ್ತಿ ಹಿಡಿದು, ಆಫ್ ಮಾಡಿ, ಮತ್ತೆ ಆನ್ ಮಾಡಿ, "ಬೋರ್ಡ್ ಸುಟ್ಟುಹೋಯ್ತು" ಅಂತ ನನಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದವರಿದ್ದಾರೆ. ಹೋಗಿ ಕಾಫಿ ಮಾಡಿಕೊಂಡು ಬನ್ನಿ. ಹತ್ತು ನಿಮಿಷವಾದರೂ ಬರದಿದ್ದರೆ ಮಾತ್ರ ಆಫ್ ಮಾಡಿ, ಬ್ಯಾಟರಿ ಬಿಡಿಸಿ, ರ್ಯಾಮ್ ತೆಗೆದು ಮತ್ತೆ ಕೂರಿಸಿ.

ವಿಂಡೋಸ್ ಬಂದ ಮೇಲೆ ಸಿಪಿಯು-ಝಡ್ ಅನ್ನುವ ಉಚಿತ ತಂತ್ರಾಂಶದಲ್ಲಿ ಮೆಮೊರಿ ಪುಟ ತೆರೆಯಿರಿ. ಡಿಡಿಆರ್4ಕ್ಕೆ '2×64 ಬಿಟ್', ಡಿಡಿಆರ್5ಕ್ಕೆ '4×32 ಬಿಟ್' ಅಂತಿದ್ದರೆ ಜೋಡಿ ಕೂಡಿದೆ. ಈಗ ಸ್ಕ್ರೂ ಬಿಗಿ ಮಾಡಿ.

4. ಬಯಾಸ್, ಡ್ರೈವರ್

ಎಎಂಡಿ ಲ್ಯಾಪ್‌ಟಾಪಿನ ಬಯಾಸಿನಲ್ಲಿ (ಆನ್ ಮಾಡಿದಾಗ ವಿಂಡೋಸಿಗಿಂತ ಮೊದಲು ತೆರೆಯಬಹುದಾದ ಸೆಟ್ಟಿಂಗ್ ಪುಟ) 'ಯುಎಂಎ ಫ್ರೇಮ್ ಬಫರ್' ಅಂತ ಇದ್ದರೆ 2 ಜಿಬಿಗೆ ಇಡಬಹುದು. ಒಟ್ಟು 16 ಜಿಬಿ ಇದ್ದರೆ ಮಾತ್ರ. ವೇಗವೇನೂ ಹೆಚ್ಚುವುದಿಲ್ಲ, 'ಗ್ರಾಫಿಕ್ಸ್ ಮೆಮೊರಿ ಸಾಲದು' ಅಂತ ತಕರಾರು ಮಾಡುವ ಗೇಮ್ ಬಾಯಿ ಮುಚ್ಚುತ್ತದೆ ಅಷ್ಟೆ. ಡ್ರೈವರನ್ನು (ವಿಂಡೋಸಿಗೂ ಗ್ರಾಫಿಕ್ಸಿಗೂ ಮಾತುಕತೆ ಮಾಡಿಸುವ ತಂತ್ರಾಂಶ) ಇಂಟೆಲ್ ಅಥವಾ ಎಎಂಡಿ ಸೈಟಿನಿಂದಲೇ ತನ್ನಿ. 'ಡ್ರೈವರ್ ಅಪ್‌ಡೇಟರ್' ಅಂತ ಜಾಹೀರಾತಿನಲ್ಲಿ ಬರುವವನ್ನು ಮುಟ್ಟಬೇಡಿ. ಗೇಮ್ ಬೂಸ್ಟರ್‌ಗಳೂ ಅದೇ ಜಾತಿ. ಅವು ಮಾಡುವ ಕೆಲಸ ಹಿನ್ನೆಲೆಯ ಬ್ರೌಸರ್ ಮುಚ್ಚುವುದು, ಅದನ್ನು ನೀವೇ ಮಾಡಬಹುದು, ಅಲ್ವಾ?

5. ಕರೆಂಟಿನ ಪಾಲು

ಚಾರ್ಜರ್ ಹಾಕಿಯೇ ಆಡಿ, ಪವರ್ ಮೋಡ್ 'ಬೆಸ್ಟ್ ಪರ್ಫಾರ್ಮೆನ್ಸ್'ಗೆ ಇಡಿ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ. ಪ್ರೊಸೆಸರ್ ಟರ್ಬೋ (ತಾತ್ಕಾಲಿಕ ಹೆಚ್ಚುವರಿ ವೇಗ) ಅಂತ ಗಬಗಬ ತಿಂದರೆ ಗ್ರಾಫಿಕ್ಸ್ ಹಸಿದು ಕೂರುತ್ತದೆ, ಮೇಲೆ ಬಿಸಿ ಬೇರೆ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಶನ್ಸ್‌ನಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಅನ್ನು 100ರಿಂದ 99ಕ್ಕೆ ಇಳಿಸಿ ನೋಡಿ. ಟರ್ಬೋ ನಿಲ್ಲುತ್ತದೆ. ಕೆಲವು ಗೇಮ್‌ಗಳಲ್ಲಿ ಇದರಿಂದಲೇ ಓಟ ಸಮನಾಗುತ್ತದೆ. ಪ್ರೊಸೆಸರ್ ಜಾಸ್ತಿ ಬೇಡುವ ಗೇಮ್‌ಗಳಲ್ಲಿ ಕೆಡಲೂಬಹುದು, ಎರಡೂ ರೀತಿ ಆಡಿ ನೋಡಿ. ಹೊಸ ಲ್ಯಾಪ್‌ಟಾಪ್ ಕೆಲವಲ್ಲಿ ಈ ಸಾಲೇ ಕಾಣುವುದಿಲ್ಲ.

6. ಪರದೆ ಮತ್ತು ಸೆಟ್ಟಿಂಗ್

1920×1080 ಅಂದರೆ 20 ಲಕ್ಷದ ಮೇಲೆ ಚುಕ್ಕಿ. 1280×720 ಅಂದರೆ 9 ಲಕ್ಷ ಚಿಲ್ಲರೆ. ಅರ್ಧಕ್ಕಿಂತ ಕಡಿಮೆ ಕೆಲಸ. ಎಲ್ಲ ಸೆಟ್ಟಿಂಗ್ 'ಲೋ' ಮಾಡಿ 1080 ಉಳಿಸಿಕೊಳ್ಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. 900 ಅಥವಾ 720ಕ್ಕೆ ಇಳಿದು, ಟೆಕ್ಸ್‌ಚರ್ (ಗೋಡೆ, ನೆಲ, ಬಟ್ಟೆಗಳ ಮೇಲ್ಮೈ ಚಿತ್ರ) ಮಧ್ಯಮದಲ್ಲಿಟ್ಟರೆ ಕಣ್ಣಿಗೆ ಹೆಚ್ಚು ಹಿತ. ಗೇಮಿನಲ್ಲಿ ಎಫ್‌ಎಸ್‌ಆರ್ ಅಥವಾ ಎಕ್ಸ್‌ಇಎಸ್‌ಎಸ್ ಎಂಬ, ಚಿಕ್ಕದಾಗಿ ಬರೆದು ಹಿಗ್ಗಿಸುವ ಆಯ್ಕೆ ಇದ್ದರೆ ಬಿಡಬೇಡಿ. ಎಫ್‌ಎಸ್‌ಆರ್ 2ರಲ್ಲಿ 1080ಕ್ಕೆ 'ಕ್ವಾಲಿಟಿ' ಇಟ್ಟರೆ ಒಳಗೆ 720ರಲ್ಲಿ ಬರೆದು ಹಿಗ್ಗಿಸಿ ತೋರಿಸುತ್ತದೆ. ಇದೇ ಥರದ ಡಿಎಲ್‌ಎಸ್‌ಎಸ್ ಹುಡುಕಬೇಡಿ, ಅದು ಎನ್ವಿಡಿಯಾದ ಆರ್‌ಟಿಎಕ್ಸ್ ಕಾರ್ಡಿಗೆ ಮಾತ್ರ.

ಮೊದಲು ಕತ್ತರಿ ಹಾಕಬೇಕಾದ್ದು ನೆರಳು, ಪ್ರತಿಬಿಂಬ, ಮಂಜು-ಮೋಡದ ಎಫೆಕ್ಟ್. ಜಿಟಿಎ 5ರಲ್ಲಿ ಎಂಎಸ್‌ಎಎ (ಅಂಚುಗಳನ್ನು ನಯ ಮಾಡುವ ಸೆಟ್ಟಿಂಗ್) ಆಫ್, ಹುಲ್ಲು 'ನಾರ್ಮಲ್'. ಊರೊಳಗೆ ಸರಾಗ ಓಡುವ ಗೇಮ್ ಬೆಟ್ಟದ ಕಡೆ ಹೋದ ತಕ್ಷಣ ಕುಂಟುವುದು ಈ ಹುಲ್ಲಿನಿಂದಲೇ.

ಎರಡು ಫ್ರೇಮ್‌ಗಳ (ಚಿತ್ರಗಳ) ನಡುವೆ ಕೃತಕ ಚಿತ್ರ ತುರುಕುವ ಫ್ರೇಮ್ ಜನರೇಶನ್ ಎಂಬ ಹೊಸ ಆಮಿಷಕ್ಕೆ ಬೀಳಬೇಡಿ. ಸೆಕೆಂಡಿಗೆ 20 ಫ್ರೇಮ್ ಬರುವುದನ್ನು ಅದು 40 ಅಂತ ತೋರಿಸುತ್ತದೆ, ಆದರೆ ಬಟನ್ ಒತ್ತಿದರೆ 20ರ ಸೋಮಾರಿತನವೇ ಕೈಗೆ ಸಿಗುತ್ತದೆ. ಮೊದಲೇ 60ರ ಹತ್ತಿರ ಇದ್ದವರಿಗೆ ಮಾಡಿದ ಸವಲತ್ತು ಅದು.

7. ಲಗಾಮು ಹಾಕಿ

ಸೆಕೆಂಡಿಗೆ 25ರಿಂದ 45 ಫ್ರೇಮ್ ನಡುವೆ ಜೋಲಿ ಹೊಡೆಯುವುದಕ್ಕಿಂತ ಕದಲದ 30 ಮೇಲು. ಗೇಮಿನಲ್ಲೇ ಮಿತಿ ಇಡುವ ಆಯ್ಕೆ ಇಲ್ಲದಿದ್ದರೆ ರಿವಾ ಟ್ಯೂನರ್ ಎಂಬ ತಂತ್ರಾಂಶ ಬಳಸಿ, ಉಚಿತ. 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಪರದೆಗೆ 30 ಸರಿಯಾಗಿ ಭಾಗವಾಗುತ್ತದೆ. 40 ಇಟ್ಟುಕೊಳ್ಳಲು 120 ಹರ್ಟ್ಸ್ ಪರದೆ ಬೇಕು. ಫ್ಯಾನ್ ಗದ್ದಲವೂ ಇಳಿಯುತ್ತದೆ.

ಅಂದಹಾಗೆ ಕೂಲಿಂಗ್ ಪ್ಯಾಡ್. ಲ್ಯಾಪ್‌ಟಾಪಿನ ಹಿಂಬದಿಗೆ ಎರಡು ಬಾಟಲಿ ಮುಚ್ಚಳ ಕೊಟ್ಟು ಎತ್ತರಿಸಿದರೂ ಗಾಳಿ ಓಡಾಡುತ್ತದೆ. ಹಾಸಿಗೆ ಮೇಲಿಟ್ಟು ಆಡುವುದನ್ನು ಬಿಟ್ಟರೆ ಇನ್ನೂ ಒಳ್ಳೆಯದು. ರ್ಯಾಮ್ ಹಾಕಲು ಹೇಗೂ ಮುಚ್ಚಳ ತೆಗೆದಿರುತ್ತೀರಿ, ಆಗಲೇ ಮೆತ್ತನೆ ಬ್ರಷ್ಷಿನಿಂದ ಫ್ಯಾನಿನ ಧೂಳು ತೆಗೆಯಿರಿ. ರೆಕ್ಕೆ ಗಿರಗಿರ ತಿರುಗದಂತೆ ಇನ್ನೊಂದು ಕೈಯ ಬೆರಳು ಒತ್ತಿ ಹಿಡಿದಿರಲಿ. ಅಕ್ಕನ ಮಗನ ಲ್ಯಾಪ್‌ಟಾಪಿನ ಫ್ಯಾನಿನ ಬಾಯಿಯಿಂದ ಹೊರಬಂದದ್ದು ಹಾಸ್ಟೆಲ್ ಕಂಬಳಿಯ ಕಂದು ಜುಂಗು, ಚಿಟಿಕೆಯಲ್ಲ, ಒಂದು ಹಿಡಿ.